ಕೆಟ್ಟ ಹಾರ್ಡ್ ಡಿಸ್ಕೂ ಕೆಡದ ಮಾಹಿತಿಯೂ

2003ರ ಫೆಬ್ರವರಿ 1ರಂದು ಕೊಲಂಬಿಯ ಗಗನನೌಕೆಯು ಭೂಮಿಗೆ ಮರಳುವ ದಾರಿಯಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಮೇಲಣ ಆಕಾಶದಲ್ಲಿ ಒಡೆದು ಚೂರಾಗಿ, ಕಲ್ಪನಾ ಚಾವ್ಲಾ ಅವರನ್ನೊಳಗೊಂಡು ಏಳು ಮಂದಿಯೂ ಮಡಿದ ದುರಂತವನ್ನು ನಮ್ಮವರು ಇನ್ನೂ ಮರೆತಿಲ್ಲ. ಅದೇ ನೌಕೆಯಲ್ಲಿ, ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಭಾರರಹಿತ ಸ್ಥಿತಿಯಲ್ಲಿ ಅಳೆಯುವ ಪ್ರಯೋಗವೊಂದರ ದಾಖಲೆಗಳನ್ನು ಹೊತ್ತ, ಸುಮಾರು 400 ಮೆಗಾಬೈಟ್ ಸಾಮರ್ಥ್ಯದ ಹಾರ್ಡ್ ಡಿಸ್ಕೊಂದು ಇದ್ದಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ. ತಿಂಗಳುಗಳ ತರುವಾಯ ಒಣಗಿದ ಕೆರೆಯ ಅಂಗಳದಲ್ಲಿ ದೊರೆತಾಗ ಅದು ಸುಟ್ಟು ವಿರೂಪಗೊಂಡಿದ್ದಿತು; ಅಂಚಿನ ಮುದ್ರೆ ಕರಗಿ ಒಳಗೆ ಧೂಳು ಹೊಕ್ಕಿದ್ದಿತು. ಆದರೂ ಕ್ರೋಲ್ ಆನ್‌ಟ್ರ್ಯಾಕ್ ಎಂಬ ಸಂಸ್ಥೆಯ ತಜ್ಞರು ಅದರ ತಟ್ಟೆಗಳನ್ನು ಬಿಡಿಸಿ, ರಾಸಾಯನಿಕ ದ್ರವದಿಂದ ತೊಳೆದು, ಹೊಸದೊಂದು ಡ್ರೈವಿನಲ್ಲಿ ಕೂಡಿಸಿ, ಅದರೊಳಗಿನ ಮಾಹಿತಿಯಲ್ಲಿ ನೂರಕ್ಕೆ 99ರಷ್ಟು ಭಾಗವನ್ನು ಹೊರತೆಗೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು.

ಇದರಲ್ಲಿ ಅದೃಷ್ಟದ ಪಾಲೂ ಇತ್ತೆನ್ನಬೇಕು. ಡಿಸ್ಕು ಅರ್ಧದಷ್ಟು ಮಾತ್ರ ತುಂಬಿದ್ದಿತು. ಅದನ್ನು ನಡೆಸುತ್ತಿದ್ದ ಡಾಸ್ ವ್ಯವಸ್ಥೆಯು ಬರೆಹವನ್ನು ಎಲ್ಲೆಡೆ ಚೆಲ್ಲಾಡದೆ ಒಂದೆಡೆ ಕೂಡಿಡುವಂಥದಾದ್ದರಿಂದ, ಗಾಯಗಳು ಬಹುಮಟ್ಟಿಗೆ ಬರಿದಾದ ಭಾಗದ ಮೇಲೆಯೇ ಆಗಿದ್ದುವು. ಆದರೆ ಆಕಾಶದಿಂದ ಬೆಂದು ಬಿದ್ದ ಡಿಸ್ಕಿನಿಂದ ವಿಜ್ಞಾನಿಗಳ ಅಂಕಿ ಅಂಶಗಳು ಮರಳಿ ಬಂದಿರಲು, ಮನೆಯ ಮೇಜಿನ ಮೇಲೆಯೇ ಕೆಟ್ಟ ಡಿಸ್ಕಿನಿಂದ ಮಗಳ ಮದುವೆಯ ಚಿತ್ರಗಳು ಎಷ್ಟೋ ವೇಳೆ ಬಾರದೆ ಹೋಗುವುದೇಕೆ ಎಂದು ಕೇಳಿದರೆ, ಉತ್ತರ ಕೊಂಚ ಕಟುವಾದುದು: ಕೊಲಂಬಿಯದ ಡಿಸ್ಕನ್ನು ಆ ತಿಂಗಳುಗಳಲ್ಲಿ ಯಾರೂ ರಿಪೇರಿ ಮಾಡಲು ಹೋಗಿರಲಿಲ್ಲ. ಡಿಸ್ಕು ಕೆಡುವ ಗಳಿಗೆಗೂ ಮಾಹಿತಿ ಅಳಿಯುವ ಗಳಿಗೆಗೂ ನಡುವೆ ಸಾಮಾನ್ಯವಾಗಿ ಒಂದು ಅವಕಾಶವುಂಟು; ಆ ಅವಕಾಶದಲ್ಲಿ ನಾವು ಏನು ಮಾಡುತ್ತೇವೆ, ಅದಕ್ಕಿಂತ ಹೆಚ್ಚಾಗಿ ಏನನ್ನು ಮಾಡದೆ ಇರುತ್ತೇವೆ ಎಂಬುದರ ಮೇಲೆಯೇ ಮಿಕ್ಕುದೆಲ್ಲ ನಿಂತಿದೆ.

ಇದನ್ನು ತಿಳಿಯಲು ಆ ಪೆಟ್ಟಿಗೆಯ ಒಳಗನ್ನು ಸ್ವಲ್ಪ ನೋಡಬೇಕು. 1956ರಲ್ಲಿ ಐಬಿಎಂ ಕಂಪನಿಯು ಹೊರತಂದ ಮೊಟ್ಟಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಲ್ಲಿ ಹಿಡಿಯಬಹುದಾದ ಡಿಸ್ಕು ಅದರ ಲಕ್ಷಾಂತರ ಪಾಲನ್ನು ಧರಿಸುತ್ತದೆಯಾದರೂ ತತ್ತ್ವ ಬದಲಾಗಿಲ್ಲ: ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ; ಅವುಗಳ ಮೇಲೆ, ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ, ತಟ್ಟೆಯನ್ನು ಮುಟ್ಟದೆ, ಓದುವ ಬರೆಯುವ ಹೆಡ್ಡುಗಳು ತೇಲುತ್ತವೆ. ಮೇಜಿನ ಕಂಪ್ಯೂಟರಿನ ಡಿಸ್ಕಿನಲ್ಲಿ ತಟ್ಟೆಯ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಿಂದ ಓಡುತ್ತಿರುತ್ತದೆ. ಬೀಡಿಯ ಹೊಗೆಯ ಒಂದು ಕಣವೂ ಆ ಅಂತರಕ್ಕಿಂತ ದೊಡ್ಡದೆಂದ ಮೇಲೆ, ಮುಚ್ಚಳವನ್ನು ಮನೆಯಲ್ಲಿ ಬಿಚ್ಚಿ ನೋಡುವ ಕುತೂಹಲ ಎಷ್ಟು ದುಬಾರಿಯಾದುದೆಂಬುದನ್ನು ವಿವರಿಸಬೇಕಾಗಿಲ್ಲ.

ಡಿಸ್ಕಿನ ರೋಗಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಎಣಿಸಬಹುದು. ಮೊದಲನೆಯದು ದಾರಿಯ ದೋಷ. ಡಿಸ್ಕು ನೆಟ್ಟಗಿದ್ದು ಕೇಬಲ್, ಯುಎಸ್‌ಬಿ ಪೋರ್ಟ್ ಅಥವಾ ಅಡಾಪ್ಟರ್ ಕೆಟ್ಟಿರುವುದೇ ಇದರ ಸ್ವರೂಪ. ಬೇರೊಂದು ಕೇಬಲ್, ಬೇರೊಂದು ಪೋರ್ಟ್, ಕೊನೆಗೆ ಬೇರೊಂದು ಕಂಪ್ಯೂಟರ್ ಎಂಬ ಕ್ರಮದಲ್ಲಿ ಪರೀಕ್ಷಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ, ಅಪಾಯವೂ ಇಲ್ಲ; ಆದರೆ ಡಿಸ್ಕಿನಿಂದ ಅಸಹಜ ಸದ್ದು ಬರುತ್ತಿದ್ದರೆ ಈ ಪರೀಕ್ಷೆಯನ್ನೂ ಮಾಡಕೂಡದು.

ಎರಡನೆಯದು ಲೆಕ್ಕದ ದೋಷ. ಕಂಪ್ಯೂಟರಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಡಿಸ್ಕು ತನ್ನ ಸರಿಯಾದ ಗಾತ್ರದೊಡನೆ ಕಾಣಿಸಿಕೊಂಡು, ಒಳಗಿನ ಫೈಲುಗಳು ಮಾತ್ರ ಕಾಣದೆ, ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ಎದ್ದುಬಂದರೆ, ಬಹುಶಃ ಕೆಟ್ಟಿರುವುದು ಮಾಹಿತಿಯಲ್ಲ, ಮಾಹಿತಿ ಎಲ್ಲೆಲ್ಲಿದೆಯೆಂಬ ಪಟ್ಟಿ. ಆ ಪ್ರಶ್ನೆಗೆ ‘ಬೇಡ’ ಎಂಬುದೇ ಉತ್ತರವಾಗತಕ್ಕದ್ದು. ಕೈತಪ್ಪಿ ಅಳಿಸಿದ ಫೈಲಿನ ಕಥೆಯೂ ಇದೇ. ಹಳ್ಳಿಯ ಶಾನುಭೋಗರು ಖಾತೆಯಲ್ಲಿ ಒಬ್ಬನ ಹೆಸರನ್ನು ಹೊಡೆದುಹಾಕಿದ ಮಾತ್ರಕ್ಕೆ ಅವನ ಹೊಲದಲ್ಲಿ ನಿಂತ ಪೈರು ಮಾಯವಾಗುವುದಿಲ್ಲ. ಹೊಸ ಒಡೆಯನು ಬಂದು ಉತ್ತಾಗಲೇ ಅದು ಮಣ್ಣುಪಾಲಾಗುವುದು. ಕ್ಯಾಮೆರಾ ಕಾರ್ಡುಗಳಲ್ಲಿಯೂ ಪೆನ್ ಡ್ರೈವುಗಳಲ್ಲಿಯೂ ಬಳಕೆಯಲ್ಲಿರುವ ಫ್ಯಾಟ್ ಪದ್ಧತಿಯಲ್ಲಿ ಅಳಿಸುವುದೆಂದರೆ ಮುಖ್ಯವಾಗಿ ಫೈಲಿನ ಹೆಸರಿನ ಮೊದಲನೆಯ ಅಕ್ಷರದ ಸ್ಥಾನದಲ್ಲಿ ‘ಇ5’ ಎಂಬ ಸಂಕೇತವನ್ನು ಬರೆದು, ಅದು ಹಿಡಿದಿದ್ದ ಜಾಗ ಖಾಲಿಯೆಂದು ಸಾರುವುದು. ಆದಕಾರಣವೇ ‘ಡಿಎಸ್‌ಸಿ’ ಎಂದು ಮೊದಲಾಗುವ ಚಿತ್ರದ ಹೆಸರು ಮರಳಿ ದೊರೆತಾಗ ಒಮ್ಮೊಮ್ಮೆ ತನ್ನ ‘ಡಿ’ಯನ್ನು ಕಳೆದುಕೊಂಡು ಬರುತ್ತದೆ.

ಪಟ್ಟಿಯೇ ನಾಶವಾಗಿದ್ದರೂ ನಿರಾಶರಾಗಬೇಕಾಗಿಲ್ಲ. ಜೆಪೆಗ್ ಚಿತ್ರವು ಯಾವಾಗಲೂ ‘ಎಫ್‌ಎಫ್ ಡಿ8’ ಎಂಬ ಗುರುತಿನಿಂದ ಮೊದಲಾಗುವುದರಿಂದ, ಫೋಟೋರೆಕ್‌ನಂಥ ಉಚಿತ ಸಾಫ್ಟ್‌ವೇರುಗಳು ಡಿಸ್ಕನ್ನು ಆದ್ಯಂತವಾಗಿ ಓದಿ, ಅಂಥ ಗುರುತು ಕಂಡಲ್ಲೆಲ್ಲ ಒಂದೊಂದು ಚಿತ್ರವನ್ನು ಎತ್ತಿಕೊಡಬಲ್ಲವು. ಹೆಸರೂ ಫೋಲ್ಡರೂ ಹೋಗಿರುತ್ತವೆ, ಚಿತ್ರ ಉಳಿದಿರುತ್ತದೆ. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಕಳೆದುಕೊಂಡ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು. ಆ ಸಾಫ್ಟ್‌ವೇರನ್ನು ಅದರಲ್ಲಿಯೇ ಇನ್‌ಸ್ಟಾಲ್ ಮಾಡುವುದಾಗಲಿ, ದೊರೆತ ಫೈಲುಗಳನ್ನು ಅದರಲ್ಲಿಯೇ ಉಳಿಸುವುದಾಗಲಿ, ತಾನು ಹುಡುಕುತ್ತಿರುವುದನ್ನೇ ತುಳಿದು ನಡೆದಂತೆ.

ನಮ್ಮ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಇನ್ನೊಂದು ಭ್ರಮೆ ಸಾಮಾನ್ಯ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತವನ್ನು ಕಷ್ಟಪಟ್ಟು ಹೊರತೆಗೆದು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ, ಪರದೆಯ ತುಂಬ ರೋಮನ್ ಅಕ್ಷರಗಳೂ ಅಪರಿಚಿತ ಚಿಹ್ನೆಗಳೂ ಕಂಡು, ‘ಫೈಲು ಕೆಟ್ಟಿದೆ’ ಎಂದು ಬಿಸುಡುವವರುಂಟು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಆ ಬರೆಹಗಳು ರೋಮನ್ ಲಿಪಿಯ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆಯಾ ಫಾಂಟನ್ನು ಹಾಕಿದೊಡನೆ, ಅಥವಾ ಯೂನಿಕೋಡಿಗೆ ಪರಿವರ್ತಿಸಿದೊಡನೆ, ಕೆಟ್ಟಿತೆಂದುಕೊಂಡ ಕಡತ ಅಚ್ಚುಕಟ್ಟಾಗಿ ಎದ್ದು ಕೂರುತ್ತದೆ.

ಮೂರನೆಯದು ಮೇಲ್ಮೈಯ ದೋಷ. ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ನಕಲು ನಡುವೆಯೇ ನಿಲ್ಲುವುದು, ಕಂಪ್ಯೂಟರ್ ಮರಗಟ್ಟಿ ಹೋಗುವುದು, ಇವು ಬ್ಯಾಡ್ ಸೆಕ್ಟರುಗಳ ಲಕ್ಷಣಗಳು. ಇಂಥಲ್ಲಿ ಅನೇಕರು ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ ಬಿಡುತ್ತಾರೆ. ಪಟ್ಟಿಯನ್ನು ಸುಸಂಗತಗೊಳಿಸುವುದು ಆ ಸಾಧನದ ಕರ್ತವ್ಯವೇ ಹೊರತು ನಿಮ್ಮ ಫೈಲುಗಳನ್ನು ಕಾಪಾಡುವುದಲ್ಲವಾದ್ದರಿಂದ, ಅದು ಸರಿಪಡಿಸುವ ಭರದಲ್ಲಿ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತಲೇ ಹೋಗುತ್ತದೆ. ಬಲ್ಲವರು ಮಾಡುವುದೇ ಬೇರೆ: ಮೊದಲು ಇಡೀ ಡಿಸ್ಕಿನ ಯಥಾವತ್ತಾದ ಪ್ರತಿಯನ್ನು ಆರೋಗ್ಯವಾದ ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು, ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೆ ನಡೆಸುತ್ತಾರೆ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವು ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ನಕಲಿಸಿ, ಮೊಂಡು ಭಾಗಗಳನ್ನು ನಕ್ಷೆಯೊಂದರಲ್ಲಿ ಗುರುತುಹಾಕಿಕೊಂಡು, ಅವುಗಳ ಗೊಡವೆಗೆ ಕಡೆಯಲ್ಲಿ ಮಾತ್ರ ಹೋಗುತ್ತದೆ; ಡಿಸ್ಕು ನಡುವೆ ಕಣ್ಣುಮುಚ್ಚಿದರೂ ಬಹುಪಾಲು ಕೈಗೆ ಬಂದಿರುತ್ತದೆ.

ನಾಲ್ಕನೆಯದು ಯಂತ್ರದ ದೋಷ. ಇದನ್ನು ಕಿವಿಯೇ ಹೇಳುತ್ತದೆ. ವಿದ್ಯುತ್ತು ಹರಿದೊಡನೆ ತಟ್ಟೆಗಳು ವೇಗ ಹಿಡಿಯುವ ಮೃದುವಾದ ಮೊರೆತ ಕೇಳಿಸಿ, ಅದರ ಬೆನ್ನಿಗೇ ‘ಟಕ್, ಟಕ್, ಟಕ್’ ಎಂದು ಸಮಾನ ಅಂತರದ ಬಡಿತ ಬಂದರೆ, ಹೆಡ್ಡು ತನ್ನ ದಾರಿಯ ಗುರುತನ್ನು ಓದಲಾರದೆ ಮತ್ತೆ ಮತ್ತೆ ಹಿಂದಕ್ಕೆ ಬಂದು ಯತ್ನಿಸುತ್ತಿದೆಯೆಂದು ತಿಳಿಯಬೇಕು. ಮುರಿದ ಹೆಡ್ಡು ಪ್ರತಿ ಸುತ್ತಿಗೂ ತಟ್ಟೆಯ ಲೇಪನವನ್ನು ಹೆರೆಯಬಹುದಾದ್ದರಿಂದ, ಕೂಡಲೆ ವಿದ್ಯುತ್ತನ್ನು ಕಡಿದು, ‘ಇನ್ನೊಂದು ಸಲ ನೋಡೋಣ’ ಎಂಬ ಮೋಹವನ್ನು ಬಿಡುವುದೇ ಚಿಕಿತ್ಸೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುವುದೆಂಬ ಹಳೆಯ ಉಪದೇಶ, ತಣ್ಣನೆಯ ತಟ್ಟೆಗಳ ಮೇಲೆ ತೇವ ಕೂರುವಂತೆ ಮಾಡಿ ಇದ್ದುದನ್ನೂ ಕಳೆಯುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹುಡುಕಿ ಅದೇ ಮಾದರಿಯ ಡಿಸ್ಕಿನ ಬೋರ್ಡನ್ನು ತಂದು ಜೋಡಿಸುವ ಉಪಾಯ ಹಳೆಯ ಡಿಸ್ಕುಗಳಲ್ಲಿ ಫಲಿಸುತ್ತಿತ್ತು; ಈಗಿನ ಬೋರ್ಡುಗಳಲ್ಲಿ ಆಯಾ ಡಿಸ್ಕಿಗೇ ವಿಶಿಷ್ಟವಾದ ಹೊಂದಾಣಿಕೆಯ ಅಂಕಗಳನ್ನು ಹೊತ್ತ ಪುಟ್ಟ ಚಿಪ್ಪಿರುವುದರಿಂದ, ಅದನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯದ ಹೊರತು ಪ್ರಯೋಜನವಿಲ್ಲ. ಹೆಡ್ಡುಗಳನ್ನು ಬದಲಾಯಿಸುವ ಕೆಲಸವಂತೂ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕೆ ಮೀರಿದ ಕಣಗಳು ನೂರನ್ನು ದಾಟದಂಥ ಶುದ್ಧ ಕೊಠಡಿಯಲ್ಲಿ ನಡೆಯತಕ್ಕದ್ದು. ಅಂಥ ಸಂಸ್ಥೆಗೆ ಡಿಸ್ಕನ್ನು ಒಪ್ಪಿಸುವ ಮುನ್ನ, ಪರೀಕ್ಷೆಗೆ ಎಷ್ಟು, ಮಾಹಿತಿ ದೊರೆಯದಿದ್ದರೆ ಎಷ್ಟು ಎಂಬುದನ್ನು ಬರೆಹದಲ್ಲಿ ಕೇಳಿಕೊಳ್ಳುವುದು ಉಚಿತ.

ಇಷ್ಟೆಲ್ಲ ಭರವಸೆಗೂ ಎರಡು ಅಪವಾದಗಳುಂಟು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸದ್ದಿಲ್ಲ. ಅಂತೆಯೇ ಕೆಡುವಾಗ ಮುನ್ಸೂಚನೆಯೂ ಕಡಮೆ. ಅಳಿಸಿದ ಫೈಲಿನ ಜಾಗವನ್ನು ಟ್ರಿಮ್ ಎಂಬ ಆಜ್ಞೆಯ ಮೂಲಕ ಅದು ತಾನಾಗಿಯೇ ಬೇಗ ತೊಳೆದಿಡುವುದರಿಂದ, ಮೇಲೆ ಹೇಳಿದ ಅವಕಾಶವು ಅಲ್ಲಿ ನಿಮಿಷಗಳಿಗೆ ಇಳಿಯಬಹುದು. ಎರಡನೆಯದಾಗಿ, ಬಿಟ್‌ಲಾಕರ್‌ನಂಥ ಬೀಗ ಹಾಕಿದ ಡಿಸ್ಕಿಗೆ 48 ಅಂಕೆಗಳ ಅದರ ರಿಕವರಿ ಕೀ ಕೈಯಲ್ಲಿಲ್ಲದಿದ್ದರೆ, ತಟ್ಟೆಗಳು ನಿಷ್ಕಳಂಕವಾಗಿದ್ದರೂ ತಜ್ಞರು ಓದಲಾರರು.

ಡಿಸ್ಕು ತನ್ನ ಆರೋಗ್ಯದ ವರದಿಯನ್ನು ಸ್ಮಾರ್ಟ್ ಎಂಬ ಹೆಸರಿನಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಉಚಿತ ಸಾಧನಗಳಿಂದ ಯಾರು ಬೇಕಾದರೂ ಅದನ್ನು ನೋಡಬಹುದು. ಗೂಗಲ್ ಸಂಸ್ಥೆಯ ಸಂಶೋಧಕರು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಪಾಸಣೆಯಲ್ಲಿ ಮೊದಲ ಓದುದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದುದಕ್ಕಿಂತ 39 ಪಟ್ಟು ಹೆಚ್ಚು. ಆದರೆ ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕೂ ಹೆಚ್ಚಿನವು ಇಂಥ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ವರದಿ ಕೆಟ್ಟದ್ದಾದರೆ ನಂಬಬೇಕು. ಒಳ್ಳೆಯದಾದರೆ ನಂಬಿ ಕೂರಕೂಡದು.

ಆದುದರಿಂದ ಕೊನೆಯ ಮಾತು ಪ್ರತಿಗಳದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ ಸೂತ್ರವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು. ಅದೂ ಸಾಲದೆಂಬುದಕ್ಕೆ ಪಿಕ್ಸಾರ್ ಚಿತ್ರಸಂಸ್ಥೆಯ ಅನುಭವವೇ ಸಾಕ್ಷಿ. 1998ರಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಯತೊಡಗಿದಾಗ, ಧೈರ್ಯವಾಗಿ ಬ್ಯಾಕಪ್ಪಿಗೆ ಕೈಹಾಕಿದವರಿಗೆ, ಅದು ಕೆಲಕಾಲದಿಂದ ಸರಿಯಾಗಿ ನಡೆದೇ ಇಲ್ಲವೆಂಬುದು ತಿಳಿಯಿತು. ಎಳೆಯ ಮಗುವಿನ ನಿಮಿತ್ತ ಮನೆಯಿಂದ ಕೆಲಸ ಮಾಡುತ್ತಿದ್ದ, ಚಿತ್ರತಂಡದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು. ಎಲ್ಲರಿಗೂ ಇಂಥ ಸಹೋದ್ಯೋಗಿ ಇರುವುದಿಲ್ಲ. ಬ್ಯಾಕಪ್ ಮುಗಿಯಿತೆಂದು ಪರದೆ ಹೇಳಿದ ಮೇಲೆಯೂ, ಆ ಪ್ರತಿಯಿಂದ ಯಾವುದಾದರೊಂದು ಚಿತ್ರವನ್ನೋ ಪತ್ರವನ್ನೋ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದವನಿಗೆ ಮಾತ್ರ ತನ್ನಲ್ಲಿ ಬ್ಯಾಕಪ್ ಇದೆಯೆಂದು ಹೇಳುವ ಅಧಿಕಾರವುಂಟು.