ನಡು ಬಿಡದ ಪಟ್ಟಿ

ಬೌಲಿಂಗ್ ಆಡಲು ಹೋದವರ ದೃಷ್ಟಿಯೆಲ್ಲ ಎದುರಿಗೇ ಇರುತ್ತದೆ. ಎಣ್ಣೆಯ ತೆಳುವಾದ ಲೇಪದಿಂದ ಮಿರುಗುವ ನೀಳವಾದ ಹಾಸು, ಅದರ ಕೊನೆಯಲ್ಲಿ ತ್ರಿಕೋನಾಕಾರವಾಗಿ ನಿಂತ ಹತ್ತು ಬಿಳಿಯ ಪಿನ್ನುಗಳು, ಅವುಗಳತ್ತ ಉರುಳಿ ಹೋಗುವ ಭಾರವಾದ ಚೆಂಡು, ಇಷ್ಟೇ ಆ ಹೊತ್ತಿನ ಲೋಕ. ಚೆಂಡು ಬಡಿದು ಪಿನ್ನುಗಳು ಹಿಂದಿನ ಕತ್ತಲೆಯೊಳಕ್ಕೆ ಚೆಲ್ಲಿದೊಡನೆ ಆಟಗಾರನು ನಗುತ್ತಲೋ ಮುಖ ಸಿಂಡರಿಸುತ್ತಲೋ ಗೆಳೆಯರ ಕಡೆಗೆ ತಿರುಗುತ್ತಾನೆ. ಅವನು ಮತ್ತೆ ನೋಡುವಷ್ಟರಲ್ಲಿ ಪಿನ್ನುಗಳು ಸಾಲಾಗಿ ನಿಂತಿರುತ್ತವೆ; ಚೆಂಡು ನೆಲದಡಿಯ ದಾರಿಯಿಂದ ಮರಳಿ ಬಂದಿರುತ್ತದೆ. ಇದೆಲ್ಲ ಹೇಗಾಯಿತೆಂದು ಕೇಳುವವರು ವಿರಳ. ಆಗದೆ ನಿಂತುಹೋದಾಗ ಮಾತ್ರ ಎಲ್ಲರೂ ಕೇಳುತ್ತಾರೆ.

ಆ ಕತ್ತಲೆಯೊಳಗೆ ಒಂದು ಅಗಲವಾದ ಪಟ್ಟಿ ಓಡುತ್ತಿರುತ್ತದೆ. ಅಮೆರಿಕದ ಯಂತ್ರಕರ್ಮಿಗಳು ಅದನ್ನು 'ಕಾರ್ಪೆಟ್' ಎಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಮಖಾನೆ. ಆದರೆ ಇದು ಹಾಸಿದಲ್ಲೇ ಬಿದ್ದಿರುವ ಜಮಖಾನೆಯಲ್ಲ. ಎರಡು ಉರುಳೆಗಳ ಸುತ್ತ ಬಿಗಿದು, ಆಟ ನಡೆಯುವಷ್ಟು ಹೊತ್ತೂ ಹಿಂದಕ್ಕೆ ಹರಿಯುತ್ತಲೇ ಇರುವ ಜಮಖಾನೆ. ಈ ಪಟ್ಟಿಯನ್ನು ಅದರ ದಾರಿಯ ನಡುವಿನಲ್ಲಿಯೇ ಉಳಿಸಿಕೊಳ್ಳುವುದು ನೋಡುವವರಿಗೆ ಅಲ್ಪ ಕೆಲಸವೆಂದು ತೋರಬಹುದು. ಮಾಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು.

ಮೊದಲು ಅದು ಹೊರುವ ಹೊರೆಯನ್ನು ನೋಡೋಣ. ಆಟಗಾರನು ದಾಟಬಾರದ ಗೆರೆಯಿಂದ ಮೊದಲನೆಯ ಪಿನ್ನಿಗೆ 60 ಅಡಿ. ಹಾಸಿನ ಅಗಲ 42 ಅಂಗುಲಕ್ಕೆ ಮೀರದು. ಎರಡು ಬದಿಯ ಕಾಲುವೆಗಳನ್ನೂ ಸೇರಿಸಿದರೆ ಸುಮಾರು 5 ಅಡಿ. ಪಿನ್ನು 15 ಅಂಗುಲ ಎತ್ತರ, ಒಂದೂವರೆ ಕಿಲೋಗ್ರಾಮಿಗಿಂತ ತುಸು ಹೆಚ್ಚು ತೂಕ. ಚೆಂಡು 16 ಪೌಂಡುಗಳವರೆಗೆ, ಎಂದರೆ 7 ಕಿಲೋಗ್ರಾಮಿಗೂ ಮೇಲೆ ತೂಗಬಹುದು. ಇವೆಲ್ಲ ಒಟ್ಟಾಗಿ ಬಂದು ಹಿಂದಿನ ಮೆತ್ತೆಗೆ ಅಪ್ಪಳಿಸಿ ಪಟ್ಟಿಯ ಮೇಲೆ ಬೀಳುತ್ತವೆ. ಚೆಂಡು ಪಕ್ಕದ ಬಾಗಿಲಿನಿಂದ ಹೊರಬಿದ್ದು ತನ್ನ ದಾರಿ ಹಿಡಿಯುತ್ತದೆ. ಪಿನ್ನುಗಳನ್ನು ಪಟ್ಟಿಯು ಹಿಂದಕ್ಕೆ ಒಯ್ದು ಒಂದು ದೊಡ್ಡ ಚಕ್ರಕ್ಕೆ ಒಪ್ಪಿಸುತ್ತದೆ. ಏತದ ಬಾನಿ ನೀರನ್ನು ಎತ್ತುವಂತೆ ಆ ಚಕ್ರವು ಪಿನ್ನುಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ ಹಂಚುವ ತೋಳಿಗೆ ಕೊಡುತ್ತದೆ. ಪಟ್ಟಿ ನಿಂತರೆ ಚಕ್ರ ಬರಿದಾಗುತ್ತದೆ. ಚಕ್ರ ಬರಿದಾದರೆ ಆಟವೇ ನಿಲ್ಲುತ್ತದೆ.

ಈ ಪಟ್ಟಿಗಿಂತ ಮೊದಲು ಅಲ್ಲಿ ಹುಡುಗರಿದ್ದರು. ಈ ಸಂಗತಿಯನ್ನು ಮರೆತು ಯಂತ್ರದ ಮಾತನ್ನು ಆಡುವುದು ನ್ಯಾಯವಲ್ಲ. ಹಾಸಿನ ಕೊನೆಯ ಗುಂಡಿಯ ಮೇಲೆ ಕಾಲು ಮಡಚಿ ಕುಳಿತು, ಚೆಂಡು ಬಡಿದ ಕೂಡಲೆ ಕೆಳಕ್ಕೆ ಧುಮುಕಿ, ಬಿದ್ದ ಪಿನ್ನುಗಳನ್ನು ಆಯ್ದು ನಿಲ್ಲಿಸಿ, ಚೆಂಡನ್ನು ಎತ್ತಿ ಹಿಂದಕ್ಕೆ ಉರುಳಿಸಿ, ಮುಂದಿನ ಚೆಂಡು ಬರುವ ಮುನ್ನ ಮೇಲಕ್ಕೆ ಹಾರಿ ಕೂರುವುದು ಅವರ ಕೆಲಸ. ಬಾಲಕಾರ್ಮಿಕರ ಸ್ಥಿತಿಯನ್ನು ಚಿತ್ರಗಳ ಮೂಲಕ ಅಮೆರಿಕದ ಜನರ ಮುಂದಿಟ್ಟ ಲೂಯಿಸ್ ಹೈನ್ 1909ರಲ್ಲಿ ಟ್ರೆಂಟನ್ ನಗರದಲ್ಲಿಯೂ 1910ರಲ್ಲಿ ಬ್ರೂಕ್ಲಿನ್ನಿನಲ್ಲಿಯೂ ಇಂತಹ ಹುಡುಗರ ಚಿತ್ರಗಳನ್ನು ತೆಗೆದರು. ಬ್ರೂಕ್ಲಿನ್ನಿನ ಚಿತ್ರ ತೆಗೆದಾಗ ರಾತ್ರಿ ಒಂದು ಗಂಟೆ. ಇನ್ನೂ ಚಿಕ್ಕವರಾದ ಮೂವರನ್ನು ಯಜಮಾನನು ಚಿತ್ರಕ್ಕೆ ನಿಲ್ಲಗೊಡಲಿಲ್ಲವೆಂದು ಹೈನ್ ಅಡಿಬರಹದಲ್ಲಿ ಬರೆದಿಟ್ಟಿದ್ದಾರೆ. ನಿದ್ದೆಗಣ್ಣಿನ ಆ ಹುಡುಗರ ಮುಖಗಳನ್ನು ಒಮ್ಮೆ ನೋಡಿದವನು ಯಂತ್ರವನ್ನು ಸುಲಭವಾಗಿ ಹಳಿಯಲಾರ.

ನ್ಯೂಯಾರ್ಕ್ ಪ್ರಾಂತದ ಗಾಟ್‌ಫ್ರೀಡ್ ಸ್ಮಿಟ್ ಎಂಬಾತನು ಪಿನ್ನುಗಳನ್ನು ತಾನಾಗಿ ನಿಲ್ಲಿಸುವ ಯಂತ್ರವೊಂದನ್ನು 1930ರ ದಶಕದಲ್ಲಿ ಕಲ್ಪಿಸಿದನು. ಸಿಗರೇಟು ತಯಾರಿಕೆಯ ಯಂತ್ರಗಳಿಗೆ ಹೆಸರಾಗಿದ್ದ ಅಮೆರಿಕನ್ ಮೆಷಿನ್ ಅಂಡ್ ಫೌಂಡ್ರಿ ಸಂಸ್ಥೆಯು ಅದರ ಹಕ್ಕನ್ನು ಕೊಂಡಿತು. 1946ರಲ್ಲಿ ಬಫಲೋ ನಗರದಲ್ಲಿ ಯಂತ್ರವನ್ನು ಜನರಿಗೆ ತೋರಿಸಲಾಯಿತು. ಆದರೆ ನಂಬಿ ಇಟ್ಟುಕೊಳ್ಳುವಂತಹ ಯಂತ್ರ ಕೈಗೂಡಲು ಇನ್ನೂ ಆರು ವರ್ಷ ಬೇಕಾಯಿತು. 1952ರಲ್ಲಿ ಅದು ಬೌಲಿಂಗ್ ಮಂದಿರಗಳನ್ನು ಪ್ರವೇಶಿಸಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಗುಂಡಿಯ ಹುಡುಗರು ಕಾಣೆಯಾದರು.

ಹುಡುಗನಿಗೆ ಕಣ್ಣಿತ್ತು. ಪಿನ್ನು ಮೂಲೆಗೆ ಸಿಡಿದರೆ ಮೂಲೆಗೆ ಹೋಗುತ್ತಿದ್ದನು. ಪಟ್ಟಿಗೆ ಕಣ್ಣಿಲ್ಲ. ಅದು ತಾನಿರುವ ಜಾಗದಲ್ಲಿ ಬಿದ್ದುದನ್ನು ಮಾತ್ರ ಒಯ್ಯಬಲ್ಲದು. ಆದುದರಿಂದ ಅದು ಇರಬೇಕಾದ ಜಾಗದಲ್ಲಿಯೇ ಇರಬೇಕು. ಎರಡು ಅಂಗುಲ ಎಡಕ್ಕೆ ಸರಿದರೆ ಬಲಗಡೆ ಎರಡು ಅಂಗುಲದ ಬಿರುಕು ತೆರೆಯುತ್ತದೆ. ಪಿನ್ನಿನ ಕುತ್ತಿಗೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಗಡೆ ಪಟ್ಟಿಯ ಅಂಚು ಕಬ್ಬಿಣದ ಚೌಕಟ್ಟಿಗೆ ಉಜ್ಜಿ ಎಳೆ ಬಿಡುತ್ತದೆ. ಬಿಟ್ಟ ಎಳೆ ಉರುಳೆಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಒಂದು ವಾರದಲ್ಲಿ ಹೊಸ ಪಟ್ಟಿ ಹಳೆಯ ಗೋಣಿಯಂತಾಗುವುದುಂಟು.

ಹಾಗಾದರೆ ಎರಡು ಬದಿಗೂ ತಡೆ ಕಟ್ಟಬಾರದೇಕೆ? ಯಾರಿಗಾದರೂ ಮೊದಲು ತೋಚುವ ಉಪಾಯ ಇದು. ಆದರೆ ಪಟ್ಟಿ ತಡೆಗೆ ಅಂಜಿ ಹಿಂದಿರುಗುವುದಿಲ್ಲ. ಅದನ್ನು ಬದಿಗೆ ಒಯ್ಯುತ್ತಿರುವ ಕಾರಣ ಹಾಗೆಯೇ ಉಳಿದಿರುವುದರಿಂದ ಅದು ತಡೆಯನ್ನು ಒತ್ತುತ್ತ, ಅಂಚನ್ನು ಮಡಚಿಕೊಳ್ಳುತ್ತ, ಕೊನೆಗೆ ತನ್ನನ್ನೇ ಹರಿದುಕೊಳ್ಳುತ್ತದೆ. ಪಟ್ಟಿಯು ಬದಿಗೆ ಹೋಗಬೇಕೆಂಬ ಕಾರಣವನ್ನೇ ಇಲ್ಲದಂತೆ ಮಾಡಬೇಕು. ಈ ವಿದ್ಯೆಯ ಸಾರವೆಲ್ಲ ಇಷ್ಟೇ.

ಆ ಕಾರಣವಾದರೂ ಏನು? ಚಲಿಸುವ ಪಟ್ಟಿಯ ಪ್ರತಿಯೊಂದು ಭಾಗವೂ ಉರುಳೆಯನ್ನು ಮುಟ್ಟಿದೊಡನೆ ಅದಕ್ಕೆ ಹತ್ತಿಕೊಂಡು, ಉರುಳೆಯ ಅಚ್ಚಿಗೆ ನೇರವಾದ ಅಡ್ಡದಿಕ್ಕಿನಲ್ಲಿ ಸುತ್ತಿ ಹೋಗುತ್ತದೆ. ಉರುಳೆಯ ಒಂದು ತುದಿ ಕೂದಲೆಳೆಯಷ್ಟು ಹಿಂದೆ, ಇನ್ನೊಂದು ಅಷ್ಟೇ ಮುಂದೆ ಇದ್ದರೂ ಸಾಕು. ಪಟ್ಟಿಯು ಪ್ರತಿ ಸುತ್ತಿನಲ್ಲಿಯೂ ಯಾವ ತುದಿಯನ್ನು ಮೊದಲು ಮುಟ್ಟುತ್ತದೆಯೋ ಆ ತುದಿಯ ಕಡೆಗೆ ತುಸುತುಸುವೇ ಸರಿಯುತ್ತದೆ. ಒಂದು ಸುತ್ತಿನಲ್ಲಿ ಇದು ಕಣ್ಣಿಗೆ ಬೀಳದು. ಸಂಜೆಯ ವೇಳೆಗೆ ಪಟ್ಟಿ ಚೌಕಟ್ಟನ್ನು ತಿನ್ನುತ್ತಿರುತ್ತದೆ.

ಇದಕ್ಕೆ ಹಿಂದಿನ ಕಾಲದ ಯಂತ್ರಶಿಲ್ಪಿಗಳು ಕಂಡುಕೊಂಡ ಉಪಾಯವೊಂದು ಸೊಗಸಾಗಿದೆ. ನಮ್ಮ ಊರುಗಳ ಹಿಟ್ಟಿನ ಗಿರಣಿಯನ್ನು ನೆನೆದುಕೊಳ್ಳಿ. ಎಂಜಿನ್ನಿನ ಚಕ್ರಕ್ಕೂ ಗಿರಣಿಯ ಚಕ್ರಕ್ಕೂ ನಡುವೆ ಉದ್ದವಾದ ಪಟ್ಟಿ ಪಟಪಟನೆ ಬಡಿದುಕೊಳ್ಳುತ್ತ ಓಡುತ್ತಿತ್ತು. ಚಕ್ರದ ಅಂಚಿಗೆ ಏಣಿರಲಿಲ್ಲ, ತಡೆಯಿರಲಿಲ್ಲ. ಆದರೂ ಪಟ್ಟಿ ಜಾರಿ ಬೀಳುತ್ತಿರಲಿಲ್ಲ. ಬಾಲ್ಯದಲ್ಲಿ ಜೋಳದ ಬುಟ್ಟಿಯನ್ನು ಇಳಿಸಿ ಸರದಿಗಾಗಿ ಕಾದು ನಿಂತವರೆಲ್ಲ ಇದನ್ನು ನೋಡಿದ್ದಾರೆ. ಚಕ್ರವನ್ನು ಹತ್ತಿರದಿಂದ ನೋಡಿದರೆ ಗುಟ್ಟು ತಿಳಿಯುತ್ತದೆ: ಅದರ ಮೈ ಸಮತಟ್ಟಾಗಿಲ್ಲ, ನಡುವೆ ಸ್ವಲ್ಪ ಉಬ್ಬಿದೆ. ಪಟ್ಟಿಯು ಉಬ್ಬಿನಿಂದ ಇಳಿದು ಜಾರಬೇಕೆಂದು ನಮ್ಮ ಬುದ್ಧಿ ಹೇಳುತ್ತದೆ. ನಡೆಯುವುದು ಅದಕ್ಕೆ ವಿರುದ್ಧ. ಪಟ್ಟಿ ಉಬ್ಬನ್ನು ಏರುತ್ತದೆ.

ನಂಬಿಕೆಯಾಗದ ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಾಯಿ ಅಗಲವಾಗಿ ತಳ ಕಿರಿದಾದ ಲೋಟವೊಂದರ ನಡುವಿನಿಂದ ಅಂಟುಪಟ್ಟಿಯನ್ನು ಅಡ್ಡಲಾಗಿ, ಸುಕ್ಕು ಬೀಳದಂತೆ ಸುತ್ತುತ್ತ ಹೋಗಿ. ಅದು ತಾನಾಗಿಯೇ ಅಗಲವಾದ ಬಾಯಿಯ ಕಡೆಗೆ ಏರುವುದನ್ನು ಕಾಣುವಿರಿ. ಇಂತಹ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಇಟ್ಟಂತೆ ನಡು ಉಬ್ಬಿದ ಚಕ್ರದ ರೂಪ. ಎಡಕ್ಕೆ ತಪ್ಪಿದ ಪಟ್ಟಿ ಬಲಕ್ಕೆ ಏರುತ್ತದೆ, ಬಲಕ್ಕೆ ತಪ್ಪಿದ್ದು ಎಡಕ್ಕೆ ಏರುತ್ತದೆ. ನಡುವಿಗೆ ಬಂದ ಮೇಲೆ ಏರಲು ಇನ್ನೆಲ್ಲಿಯೂ ಜಾಗವಿಲ್ಲವಾದುದರಿಂದ ಅಲ್ಲಿಯೇ ನಿಲ್ಲುತ್ತದೆ.

ಇಷ್ಟು ಸೊಗಸಾದ ಉಪಾಯ ಬೌಲಿಂಗ್ ಯಂತ್ರದ ಪಟ್ಟಿಗೆ ಪೂರ್ತಿಯಾಗಿ ಒದಗಲಾರದು. ಗಿರಣಿಯ ಪಟ್ಟಿ ಕಿರಿದು ಮತ್ತು ಬಹಳ ಉದ್ದ. ತನ್ನ ಮಟ್ಟದಲ್ಲಿಯೇ ತುಸು ಬಳುಕಿ ಓರೆಯಾಗಬಲ್ಲದು. ಆ ಬಳುಕಿನಿಂದಲೇ ಅದು ಉಬ್ಬನ್ನು ಏರುವುದು. ಐದು ಅಡಿ ಅಗಲವಿದ್ದು, ಉರುಳೆಯಿಂದ ಉರುಳೆಗೆ ಕೆಲವೇ ಅಡಿಗಳ ಅಂತರವಿರುವ ಪಟ್ಟಿಗೆ ಹಾಗೆ ಬಳುಕುವ ಗುಣವಿಲ್ಲ. ಅಗಲ ಹೆಚ್ಚಿದಷ್ಟೂ ಉದ್ದ ಕುಗ್ಗಿದಷ್ಟೂ ಪಟ್ಟಿ ಹಟಮಾರಿಯಾಗುತ್ತದೆ. ಅಲ್ಲಿ ಉಳಿಯುವ ದಾರಿ ಎರಡು ಉರುಳೆಗಳೂ ಒಂದಕ್ಕೊಂದು ಸರಿಸಮಾನವಾಗಿರುವಂತೆ ನೋಡಿಕೊಳ್ಳುವುದು. ಇದಕ್ಕಾಗಿಯೇ ಉರುಳೆಯ ತುದಿಗಳಲ್ಲಿ ತಿರುಪುಗಳಿರುತ್ತವೆ.

ತಿರುಪಿನ ನಿಯಮ ಚಿಕ್ಕದು. ಪಟ್ಟಿ ಯಾವ ಕಡೆಗೆ ಓಡುತ್ತದೆಯೋ ಆ ಕಡೆಯನ್ನೇ ಬಿಗಿಮಾಡಬೇಕು. ಹೊಸಬನು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವಾಗಿ ಮಾಡುತ್ತಾನೆ. ಬಲಕ್ಕೆ ಹೋದುದನ್ನು ಎಡಕ್ಕೆ ಎಳೆಯಬೇಕೆಂದು ಎಡಗಡೆಯ ತಿರುಪನ್ನು ಬಿಗಿಯುತ್ತಾನೆ. ಪಟ್ಟಿ ಇನ್ನೂ ವೇಗವಾಗಿ ಬಲಕ್ಕೆ ಓಡುತ್ತದೆ. ಬಲಗಡೆ ಬಿಗಿದರೆ ಉರುಳೆಯ ಬಲತುದಿ ದೂರ ಸರಿಯುತ್ತದೆ. ಪಟ್ಟಿ ಎಡತುದಿಯನ್ನು ಮೊದಲು ಮುಟ್ಟುವಂತಾಗುತ್ತದೆ. ಆಗ ಎಡಕ್ಕೆ ಸರಿಯುತ್ತದೆ. ನಿಯಮ ತಿಳಿದವನಿಗೂ ಎರಡನೆಯ ಪಾಠವೊಂದು ಉಳಿದಿರುತ್ತದೆ: ತಾಳ್ಮೆ. ತಿರುಪನ್ನು ಕಾಲು ಸುತ್ತು ತಿರುಗಿಸಿ ಕೈಬಿಡಬೇಕು. ಪಟ್ಟಿ ಹಲವು ಸುತ್ತು ಓಡುವವರೆಗೆ ಕಾಯಬೇಕು. ಫಲ ಕಾಣಲಿಲ್ಲವೆಂದು ಆತುರದಿಂದ ಮತ್ತೆ ತಿರುಗಿಸಿದವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಿಸುತ್ತ, ಎರಡು ಕಡೆಯೂ ಬಿಗಿಯುತ್ತ, ಕೊನೆಗೆ ಪಟ್ಟಿಯನ್ನು ತಮಟೆಯ ಚರ್ಮದಂತೆ ಸೆಟೆಸಿ ಬೇರಿಂಗುಗಳನ್ನು ಕೆಡಿಸುತ್ತಾನೆ.

ಅನುಭವಿಯಾದವನು ತಿರುಪನ್ನು ಮುಟ್ಟುವ ಮೊದಲು ಬಟ್ಟೆಯ ತುಂಡನ್ನು ಹಿಡಿಯುತ್ತಾನೆ. ಹಾಸಿನ ಎಣ್ಣೆಯನ್ನು ಚೆಂಡುಗಳು ದಿನವೆಲ್ಲ ಹೊತ್ತು ತರುತ್ತವೆ. ಅದರೊಡನೆ ಧೂಳು, ನೂಲು, ಪಿನ್ನುಗಳಿಂದ ಎದ್ದ ಚೂರು ಸೇರಿ ಉರುಳೆಗೆ ಮೆತ್ತಿಕೊಳ್ಳುತ್ತದೆ. ಒಂದು ಕಡೆ ಹೆಚ್ಚಾಗಿ ಮೆತ್ತಿದರೆ ಆ ಕಡೆ ಉರುಳೆ ದಪ್ಪವಾಯಿತು; ಯಾರೂ ಬಯಸದ ಉಬ್ಬೊಂದು ಅಲ್ಲಿ ಹುಟ್ಟಿತು. ನಡುವಿನಲ್ಲಿದ್ದಾಗ ರಕ್ಷಕನಾಗುವ ಉಬ್ಬು ಬದಿಯಲ್ಲಿ ಎದ್ದಾಗ ದಾರಿ ತಪ್ಪಿಸುತ್ತದೆ. ಉರುಳೆಯನ್ನು ಒರೆಸಿದ ಮಾತ್ರಕ್ಕೆ ಪಟ್ಟಿ ತಾನಾಗಿ ನಡುವಿಗೆ ಬರುವುದುಂಟು. ಅದೂ ಆಗದಿದ್ದರೆ ಪಟ್ಟಿಯ ಕೂಡುಗೆರೆ ಓರೆಯಾಗಿದೆಯೇ, ಒಂದು ಅಂಚು ಹಿಗ್ಗಿದೆಯೇ, ಬೇರಿಂಗು ಸವೆದಿದೆಯೇ ಎಂದು ನೋಡಬೇಕು. ಇವೆಲ್ಲವನ್ನೂ ನೋಡಿದ ಮೇಲೆ ತಿರುಪಿನ ಸರದಿ.

ಇಲ್ಲಿಯವರೆಗೆ ಪಟ್ಟಿಯ ಮಾತಾಯಿತು. ಅದನ್ನು ನೋಡಿಕೊಳ್ಳುವವನ ಮಾತನ್ನೂ ಆಡಬೇಕು. ಪಟ್ಟಿ ಹೇಗೆ ಸರಿಯುತ್ತಿದೆಯೆಂಬುದು ಯಂತ್ರ ಓಡುತ್ತಿರುವಾಗ ಮಾತ್ರ ತಿಳಿಯುತ್ತದೆ. ಆದುದರಿಂದ ಓಡುವ ಯಂತ್ರದೊಳಕ್ಕೆ ಕೈ ನೀಡಬೇಕೆಂಬ ಆಸೆ ಬಲವಾಗಿರುತ್ತದೆ. ಮುಂದುಗಡೆ ಆಟಗಾರರು ಕಾಯುತ್ತಿರುತ್ತಾರೆ. ಯಜಮಾನನ ಕರೆ ಬರುತ್ತಿರುತ್ತದೆ. ಒಂದು ನಿಮಿಷದ ಕೆಲಸಕ್ಕೆ ಯಂತ್ರವನ್ನು ನಿಲ್ಲಿಸುವುದೇಕೆಂದು ತೋರುತ್ತದೆ. ಆ ಒಂದು ನಿಮಿಷದಲ್ಲಿ ಬೆರಳು ಕಳೆದುಕೊಂಡವರಿದ್ದಾರೆ. ಈ ಯಂತ್ರಗಳಲ್ಲಿ ಸಿಕ್ಕಿ ಜೀವ ಕಳೆದುಕೊಂಡವರೂ ಇದ್ದಾರೆ. ದೂರ ನಿಂತು ನೋಡು, ವಿದ್ಯುತ್ತನ್ನು ಕಡಿ, ತಿರುಪನ್ನು ತಿರುಗಿಸು, ಹೊರಗೆ ಬಾ, ಮತ್ತೆ ಓಡಿಸಿ ನೋಡು: ಸುರಕ್ಷಿತವಾದ ಕ್ರಮ ಇದೊಂದೇ. ಇದರಿಂದ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಅರ್ಧರಾತ್ರಿಯಲ್ಲಿ ಗುಂಡಿಗಿಳಿಯುತ್ತಿದ್ದ ಹುಡುಗರನ್ನು ಬಿಡಿಸಿದ ಯಂತ್ರವು ಅವರ ಜಾಗದಲ್ಲಿ ಬಂದ ದೊಡ್ಡವನ ಕೈಯನ್ನು ತಿನ್ನುವುದಾದರೆ ನಾವು ಗಳಿಸಿದ್ದೇನು? ಹತ್ತು ನಿಮಿಷ ಕಾಯುವ ಆಟಗಾರನು ಇದನ್ನು ಅರಿತಿದ್ದರೆ ಒಳ್ಳೆಯದು.

ಈ ಪಟ್ಟಿಯ ಕಾಲವೂ ಈಗ ಇಳಿಮುಖವಾಗುತ್ತಿದೆ. ಪಿನ್ನಿನ ತಲೆಗೆ ದಾರ ಕಟ್ಟಿ ಮೇಲಕ್ಕೆಳೆದು ಮತ್ತೆ ಇಳಿಸುವ ಯಂತ್ರಗಳು ಹಬ್ಬುತ್ತಿವೆ. ಅವುಗಳಲ್ಲಿ ಪಿನ್ನುಗಳನ್ನು ಹಿಂದಕ್ಕೆ ಹೊತ್ತೊಯ್ಯುವ ಪಟ್ಟಿಯೇ ಬೇಕಿಲ್ಲ. ಕೆಲಸಗಾರರೂ ಕಡಿಮೆ ಸಾಕು. ಅಮೆರಿಕದ ಬೌಲಿಂಗ್ ಕಾಂಗ್ರೆಸ್ 2023ರಲ್ಲಿ ಅಂತಹ ಆಟಕ್ಕೆ ಪ್ರತ್ಯೇಕವಾದ ಮನ್ನಣೆಯನ್ನೂ ಕೊಟ್ಟಿತು. ದಾರಕ್ಕೆ ಕಟ್ಟಿದ ಪಿನ್ನು ಬಿಡಿಯಾದ ಪಿನ್ನಿನಂತೆ ಬೀಳುವುದಿಲ್ಲವೆಂದು ಹಳೆಯ ಆಟಗಾರರು ಮುನಿಸಿಕೊಂಡಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹೊಸ ಯಂತ್ರದ ಬಳಿ ಕೈಗೆ ಅಪಾಯ ಕಡಿಮೆಯೆಂಬ ಮಾತಿನಲ್ಲಿಯೂ ಸತ್ಯವಿದೆ.

ಹಳೆಯ ಯಂತ್ರಗಳಿರುವ ಮಂದಿರಗಳು ಇನ್ನೂ ಎಷ್ಟೋ ಉಳಿದಿವೆ. ಅಲ್ಲಿ ಬಾಗಿಲು ತೆರೆಯುವ ಮುನ್ನ ಒಬ್ಬನು ಸಾಲಿನ ಹಿಂದೆ ನಡೆದುಹೋಗುತ್ತಾನೆ. ಒಂದೊಂದು ಯಂತ್ರದ ಬಳಿಯೂ ನಿಂತು ಪಟ್ಟಿಯ ಎರಡು ಅಂಚುಗಳನ್ನೂ ನೋಡುತ್ತಾನೆ. ಎರಡು ಕಡೆಯೂ ಸಮನಾದ ಜಾಗವಿದ್ದರೆ ಏನನ್ನೂ ಮುಟ್ಟದೆ ಮುಂದಿನ ಯಂತ್ರಕ್ಕೆ ಹೋಗುತ್ತಾನೆ. ಸಂಜೆ ಮುಂದುಗಡೆ ನಗೆ, ಕೇಕೆ, ಚಪ್ಪಾಳೆಗಳು ಕೇಳಿಬರುತ್ತವೆ. ಅವು ಅವನಿಗಾಗಿ ಅಲ್ಲ. ಆದರೆ ಯಾರೂ ಅವನನ್ನು ಕೂಗಿ ಕರೆಯದಿದ್ದರೆ ಆ ದಿನದ ಕೆಲಸ ಚೆನ್ನಾಗಿ ನಡೆಯಿತೆಂದು ಅವನು ತಿಳಿಯುತ್ತಾನೆ.