ಗೇರ್ ಬಾಕ್ಸಿನ ದುಬಾರಿ ಬೇನೆ

ಸಂಜೆ ಆರರ ಹೊತ್ತಿಗೆ ನವರಂಗ್ ವೃತ್ತದಿಂದ ಹೊರಟ ಕಾರು ರಾಜಾಜಿನಗರ, ವಿಜಯನಗರಗಳನ್ನು ದಾಟಿ ಕೆಂಗೇರಿಯ ಮನೆ ಸೇರುವಷ್ಟರಲ್ಲಿ ಅದರ ಯಜಮಾನ ಎಷ್ಟು ಬಾರಿ ಕ್ಲಚ್ ತುಳಿದನೆಂಬುದನ್ನು ಎಣಿಸಿದವರಿಲ್ಲ. ಆ ಲೆಕ್ಕವನ್ನು ಇಡುವುದು ಕ್ಲಚ್ ಪ್ಲೇಟೊಂದೇ. 2022ರಲ್ಲಿ ಟಾಮ್‌ಟಾಮ್ ಸಂಸ್ಥೆ ಜಗತ್ತಿನ ನಗರಗಳ ಸಂಚಾರವನ್ನು ಅಳೆದಾಗ, ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಇದಕ್ಕಿಂತ ನಿಧಾನವೆನಿಸಿದ್ದು ಲಂಡನ್ ಮಾತ್ರ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಮೈಸೂರಿನವರೆಗೆ ಹೋದರೂ ಕ್ಲಚ್ಚಿಗೆ ಇಷ್ಟು ಸವೆತವಿಲ್ಲ. ಅಲ್ಲಿ ಮೇಲಿನ ಗೇರಿಗೆ ಬಿದ್ದ ವಾಹನದ ಗೇರ್ ಬಾಕ್ಸು ಬಹುಪಾಲು ವಿಶ್ರಾಂತಿಯಲ್ಲೇ ಇರುತ್ತದೆ. ಕಾರ್ಡ್ ರಸ್ತೆಯಲ್ಲಿ ಅದಕ್ಕೆ ಬಿಡುವೆಂಬುದಿಲ್ಲ.

ಅದರಲ್ಲೂ ಈಚೆಗೆ ಮಧ್ಯಮವರ್ಗದ ಸಂಸಾರಗಳು ಮೆಚ್ಚಿ ಕೊಳ್ಳುತ್ತಿರುವ ಮಧ್ಯಮ ಗಾತ್ರದ ಎಸ್‌ಯುವಿಗಳ ತೂಕ ಒಂದು ಟನ್ನಿಗೂ ಮಿಗಿಲು. ಮೇಲೆ ಐವರು ಜನ, ಅವರ ಗಂಟುಮೂಟೆ. ಅರ್ಧ ತುಳಿದ ಕ್ಲಚ್ಚಿನಲ್ಲಿ ಇಷ್ಟನ್ನೂ ಅಂಗುಲ ಅಂಗುಲವಾಗಿ ಎಳೆದರೆ ಬಿಲ್ಲೆ ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಎಂಜಿನ್ ಭೋರ್ಗರೆದರೂ ವೇಗ ಏರದಿದ್ದರೆ ಕ್ಲಚ್ಚಿನ ಆಯುಸ್ಸು ತೀರುತ್ತ ಬಂದಿತೆಂದೇ ಅರ್ಥ. ಕೈಯಿಂದ ಗೇರು ಬದಲಿಸುವ ವಾಹನದಲ್ಲಿ ಕ್ಲಚ್ ಸೆಟ್ಟು ಹಾಗೂ ಕೂಲಿ ಸೇರಿ ಸಾಮಾನ್ಯವಾಗಿ 15,000ದಿಂದ 25,000 ರೂಪಾಯಿಗಳ ಬಾಬತ್ತು ಇದು. ಡ್ಯುಯಲ್ ಮಾಸ್ ಫ್ಲೈವೀಲ್ ಇದ್ದು ಅದೂ ಕೆಟ್ಟಿದ್ದರೆ ಮೊತ್ತ ಇಮ್ಮಡಿಯಾದೀತು. ಬಿಡಿಭಾಗಗಳ ಮೇಲಿನ 28 ಶೇಕಡ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿರುವುದು ಅಷ್ಟರಮಟ್ಟಿಗೆ ಸಮಾಧಾನ.

ಕ್ಲಚ್ಚಿನ ಕಾಟವೇ ಬೇಡವೆಂದು ಆಟೋಮ್ಯಾಟಿಕ್ ಕೊಂಡವರ ಕಥೆ ಬೇರೆ. ಆಟೋಮ್ಯಾಟಿಕ್ ಎಂಬುದು ಒಂದು ಯಂತ್ರದ ಹೆಸರಲ್ಲವೆಂಬುದನ್ನು ಕೊಳ್ಳುವಾಗ ಹೇಳುವವರು ಕಡಮೆ. 2024ರಲ್ಲಿ ಹೊಸ ರೂಪ ತಾಳಿದ ಹ್ಯುಂಡೈ ಕ್ರೆಟಾವನ್ನೇ ನೋಡಬಹುದು: ಸಾಧಾರಣ ಪೆಟ್ರೋಲ್ ಎಂಜಿನ್ನಿಗೆ ಸಿವಿಟಿ, ಡೀಸೆಲ್ಲಿಗೆ ಟಾರ್ಕ್ ಕನ್ವರ್ಟರ್, ಟರ್ಬೊ ಪೆಟ್ರೋಲಿಗೆ ಜೋಡಿ ಕ್ಲಚ್ಚಿನ ಡಿಸಿಟಿ. ಹೆಸರೊಂದೇ, ಒಳಗಿನ ಪೆಟ್ಟಿಗೆಗಳು ಮೂರು, ಅವುಗಳ ಬೇನೆಯೂ ಮೂರು ಬಗೆ.

ಟಾರ್ಕ್ ಕನ್ವರ್ಟರಿನಲ್ಲಿ ಬಲವನ್ನು ಸಾಗಿಸುವುದು ಎಣ್ಣೆ. ನಿಂತು ನಿಂತು ಸಾಗುವ ಸಂಚಾರವನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಕಾಲಕಾಲಕ್ಕೆ ಎಣ್ಣೆ ಬದಲಿಸಿದರಾಯಿತು. ಸಿವಿಟಿಯಲ್ಲಿ ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. ಅದು ಒಮ್ಮೆ ಜಾರಿ ಗೀರುಬಿದ್ದರೆ ಪೆಟ್ಟಿಗೆಯನ್ನೇ ಬದಲಿಸುವ ಮಾತು ಬರುತ್ತದೆ. ಡಿಸಿಟಿಯಲ್ಲಿ ಬೆಸ ಗೇರುಗಳಿಗೊಂದು, ಸಮ ಗೇರುಗಳಿಗೊಂದು ಕ್ಲಚ್ಚು ಉಂಟು. ಒಣ ಬಗೆಯದಾದರೆ ಅದನ್ನು ತಂಪುಗೊಳಿಸಲು ಎಣ್ಣೆಯ ಮಜ್ಜನವಿಲ್ಲ. ಹೆದ್ದಾರಿಯಲ್ಲಿ ಬೆಣ್ಣೆಯಂತೆ ಸಾಗುವ ಈ ಯಂತ್ರ ಮಾಗಡಿ ರಸ್ತೆಯ ಸಂಜೆಯಲ್ಲಿ ಕಾಯುತ್ತದೆ, ನಡುಗುತ್ತದೆ. ಜೋಡಿ ಕ್ಲಚ್ಚಿನ ತೊಂದರೆ ದೊಡ್ಡ ತಯಾರಕರನ್ನೂ ಬಿಟ್ಟಿಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ಡಿಎಸ್‌ಜಿ ದೋಷಕ್ಕಾಗಿ ಚೀನದಲ್ಲಿ 3,84,181 ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ವರ್ಷ ಏಳು ಗೇರಿನ ಡಿಎಸ್‌ಜಿಗಳಲ್ಲಿ ಕೃತಕ ಎಣ್ಣೆಯನ್ನು ತೆಗೆದು ಖನಿಜ ಎಣ್ಣೆ ತುಂಬಿಕೊಡಬೇಕಾಯಿತು.

ಇಂಥ ಪೆಟ್ಟಿಗೆಯ ಜೋಡಿ ಕ್ಲಚ್ಚು, ಅದನ್ನು ಆಳುವ ಮೆಕಟ್ರಾನಿಕ್ ಘಟಕ ಎರಡೂ ಕೆಟ್ಟರೆ ಬಿಲ್ಲು ಲಕ್ಷದ ಗಡಿ ದಾಟುತ್ತದೆ. ತಿಂಗಳ ಸಂಬಳದಲ್ಲಿ ಕಾರಿನ ಕಂತು, ಮಕ್ಕಳ ಶಾಲೆಯ ಶುಲ್ಕಗಳನ್ನು ಸರಿದೂಗಿಸುವ ಬಸವೇಶ್ವರನಗರದ ಸಂಸಾರಕ್ಕೆ ಅದು ಒಂದು ವರ್ಷದ ಉಳಿತಾಯವೇ ಆದೀತು.

ಆದರೆ ನಡುಕವೆಲ್ಲ ಲಕ್ಷದ ಬೇನೆಯಲ್ಲ. ಸೊರಗಿದ ಬ್ಯಾಟರಿ, ಸಡಿಲಗೊಂಡ ತಂತಿ, ಕೆಟ್ಟ ಸೆನ್ಸರು, ಹಳೆಯ ಎಣ್ಣೆ ಇವುಗಳೂ ಗೇರನ್ನು ತಡವರಿಸುವಂತೆ ಮಾಡುತ್ತವೆ. ಆದುದರಿಂದ ಪೆಟ್ಟಿಗೆ ಇಳಿಸಲು ಒಪ್ಪುವ ಮುನ್ನ ಸ್ಕ್ಯಾನ್ ಮಾಡಿಸಿ, ದೋಷದ ಸಂಕೇತವನ್ನು ಬರೆಸಿಕೊಳ್ಳುವುದು ಅಗತ್ಯ. ಬಿಚ್ಚದೆಯೇ ‘ಗೇರ್ ಬಾಕ್ಸ್ ಹೋಗಿದೆ ಸಾರ್’ ಎನ್ನುವ ಮೆಕ್ಯಾನಿಕನಿಗೆ ನಮಸ್ಕರಿಸಿ ಇನ್ನೊಬ್ಬನ ಬಳಿಗೆ ಹೋಗುವುದೇ ಲೇಸು. ಪೆಟ್ಟಿಗೆ ಕಾದಿದೆಯೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡಿದರೆ ಗಾಬರಿ ಬೇಡ. ರಸ್ತೆಯ ಬದಿಗೆ ನಿಲ್ಲಿಸಿ, ‘ಪಿ’ಗೆ ತಂದು, ಎಂಜಿನ್ ಆರಿಸದೆ ಕೆಲವು ನಿಮಿಷ ಕಾದರೆ ಅನೇಕ ವೇಳೆ ತಾನೇ ತಣಿಯುತ್ತದೆ. ಸಿರ್ಸಿ ವೃತ್ತದ ಮೇಲುಸೇತುವೆಯ ಏರಿನಲ್ಲಿ ನಿಂತಾಗ ಆಕ್ಸಿಲರೇಟರಿನಿಂದ ಗಾಡಿಯನ್ನು ತಡೆದು ಹಿಡಿಯುವವರು ತಮ್ಮ ಕ್ಲಚ್ಚನ್ನು ತಾವೇ ಸುಡುತ್ತಿದ್ದಾರೆ. ಅಲ್ಲಿ ಬ್ರೇಕೇ ಸರಿ. ಮುಂದಿನ ವಾಹನ ಒಂದೆರಡು ಗಜ ಸರಿಯುವವರೆಗೂ ಕಾದು, ಬಳಿಕ ಒಮ್ಮೆಗೇ ಚಲಿಸುವುದು ಮೇಲು. ನಡುವೆ ಆಟೋ ನುಗ್ಗಿದರೆ ನುಗ್ಗಲಿ.

ಹಳೆಯ ಎಸ್‌ಯುವಿ ಕೊಳ್ಳುವವರು ಬೆಳಗಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತೃಪ್ತರಾಗಬಾರದು. ಅರ್ಧ ಗಂಟೆ ದಟ್ಟಣೆಯಲ್ಲಿ ಓಡಿಸಿ, ಪೆಟ್ಟಿಗೆ ಬಿಸಿಯಾದ ಮೇಲೆ ಒಂದರಿಂದ ಎರಡಕ್ಕೆ, ಮುಂದಿನಿಂದ ರಿವರ್ಸಿಗೆ ಹೇಗೆ ಬದಲಾಗುತ್ತದೆಂಬುದನ್ನು ಗಮನಿಸಬೇಕು. ವಾರಂಟಿ ಎಷ್ಟು ಉಳಿದಿದೆ, ಗೇರ್ ಬಾಕ್ಸು ಅದರಲ್ಲಿ ಸೇರಿದೆಯೇ ಎಂದೂ ಕೇಳಬೇಕು. ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ಬಿಡಿಭಾಗ ಸಿಕ್ಕೀತೆಂಬ ಧೈರ್ಯ ಕೈಗೇರಿನ ಕ್ಲಚ್ ಸೆಟ್ಟಿಗೆ ಸಲ್ಲುತ್ತದೆ. ಹಳೆಯ ಮೆಕಟ್ರಾನಿಕ್ ಘಟಕವನ್ನು ಮಾತ್ರ ತಂದು ಕೂಡಿಸಿದೊಡನೆ ಗಾಡಿ ಓಡದು. ಅದನ್ನು ಆ ಕಾರಿನ ಕಂಪ್ಯೂಟರಿಗೆ ಹೊಂದಿಸಿಕೊಡಬಲ್ಲ ವರ್ಕ್‌ಷಾಪನ್ನು ಮೊದಲು ಹುಡುಕಿಟ್ಟುಕೊಂಡಿರಬೇಕು.