ಸ್ಪೀಕರಿನ ಅಡಿಗೊಂದು ಮಂದ್ರದ ಪೆಟ್ಟಿಗೆ

ಜರ್ಮನಿಯ ಕೀ ಆಡಿಯೋ ಕಂಪನಿಯ ‘ಕೀ ಥ್ರೀ’ ಸ್ಪೀಕರ್ ನೋಡಲು ಚಿಕ್ಕದು. ಅಗಲ 20 ಸೆಂಟಿಮೀಟರ್. ಎತ್ತರವೂ ಆಳವೂ 40 ಸೆಂಟಿಮೀಟರ್. ಇಷ್ಟರೊಳಗೆ ಮೇಲಿನ ಸ್ವರಗಳಿಗೆ ಒಂದು ಟ್ವೀಟರ್, ನಡುವಿನ ಸ್ವರಗಳಿಗೆ ಒಂದು ಯೂನಿಟ್, ಕೆಳಗಿನ ಸ್ವರಗಳಿಗೆ ಪಕ್ಕಕ್ಕೂ ಹಿಂದಕ್ಕೂ ಮುಖ ಮಾಡಿದ ನಾಲ್ಕು ವೂಫರ್‌ಗಳಿವೆ. ಆರಕ್ಕೂ ಪ್ರತ್ಯೇಕವಾಗಿ 250 ವಾಟ್‌ನ ಆಂಪ್ಲಿಫೈಯರ್ ಉಂಟು. ಬೆಲ್ಜಿಯಂನ ಎಂಜಿನಿಯರ್ ಬ್ರೂನೊ ಪುಟ್ಸೈಸ್ ರೂಪಿಸಿದ ಈ ಸ್ಪೀಕರ್ 20 ಹರ್ಟ್ಜ್‌ವರೆಗೆ, ಎಂದರೆ ನಮ್ಮ ಕಿವಿಯ ಕೆಳ ಅಂಚಿನವರೆಗೆ ಇಳಿಯುತ್ತದೆ. ಹಾಗಿದ್ದೂ ಅದೇ ಕಂಪನಿ ಕೆಲವು ವರ್ಷಗಳ ಬಳಿಕ ‘ಬಿಎಕ್ಸ್‌ಟಿ’ ಎಂಬ ಇನ್ನೊಂದು ಪೆಟ್ಟಿಗೆಯನ್ನು ಹೊರತಂದಿತು. ಸ್ಟ್ಯಾಂಡ್ ಇರಬೇಕಾದ ಜಾಗದಲ್ಲಿ ನಿಂತು ಕೀ ಥ್ರೀಯನ್ನು ತಲೆಯ ಮೇಲೆ ಹೊರುವ ಈ ಪೆಟ್ಟಿಗೆಯಲ್ಲಿ ಆರೂವರೆ ಇಂಚಿನ ಎಂಟು ವೂಫರ್‌ಗಳು, ಎಂಟು ಆಂಪ್ಲಿಫೈಯರ್‌ಗಳು. ಮೇಲಿನದನ್ನೂ ಸೇರಿಸಿದರೆ ಒಂದೊಂದು ಬದಿಗೆ 3500 ವಾಟ್. ಆಗಲೇ 20 ಹರ್ಟ್ಜ್ ಮುಟ್ಟಿರುವ ಸ್ಪೀಕರಿಗೆ ಇಷ್ಟೊಂದು ಬಲ ಏಕೆ ಬೇಕಾಯಿತು?

ಸ್ಪೀಕರಿನ ವಿವರಪಟ್ಟಿಯಲ್ಲಿ ‘20 ಹರ್ಟ್ಜ್‌ವರೆಗೆ’ ಎಂದು ಬರೆದಿರುವುದು ಅರ್ಧ ವಿಷಯ ಮಾತ್ರ. ಅಷ್ಟು ಕೆಳಗಿನ ಸ್ವರವನ್ನು ಎಷ್ಟು ಜೋರಾಗಿ, ಎಷ್ಟು ಶುದ್ಧವಾಗಿ ನುಡಿಸಬಲ್ಲದು ಎಂಬುದು ಉಳಿದರ್ಧ. ಅದನ್ನು ತೀರ್ಮಾನಿಸುವುದು ವಾಟ್‌ಗಿಂತ ಹೆಚ್ಚಾಗಿ, ಸ್ಪೀಕರ್ ಅತ್ತಿತ್ತ ಸರಿಸಬಲ್ಲ ಗಾಳಿಯ ಪ್ರಮಾಣ.

ಬೀಸಣಿಗೆಯನ್ನು ನಿಧಾನವಾಗಿ ಆಡಿಸಿದರೆ ಗಾಳಿ ಅದರ ಅಂಚಿನಿಂದ ಜಾರಿಕೊಳ್ಳುತ್ತದೆ, ಮುಖಕ್ಕೆ ತಾಕುವುದಿಲ್ಲ. ವೂಫರಿನ ಕೋನ್ ಕೂಡ ನಿಧಾನವಾಗಿ ಅಲುಗಿದಷ್ಟೂ ಅದರ ಶ್ರಮ ಒತ್ತಡವಾಗಿ ಕಿವಿ ಮುಟ್ಟುವುದು ಕಡಿಮೆ. ಲೆಕ್ಕ ಬಹಳ ಕಟುವಾದದ್ದು: ಆವೃತ್ತಿ ಅರ್ಧಕ್ಕಿಳಿದರೆ ಅಷ್ಟೇ ಗಟ್ಟಿ ಸದ್ದಿಗೆ ನಾಲ್ಕು ಪಟ್ಟು ಗಾಳಿ ಸರಿಸಬೇಕು. ನೆಲದ ಮೇಲಿಟ್ಟ ಸ್ಪೀಕರ್ ಒಂದು ಮೀಟರ್ ದೂರದಲ್ಲಿ, 40 ಹರ್ಟ್ಜ್‌ನಲ್ಲಿ, 100 ಡೆಸಿಬೆಲ್ ಸದ್ದು ಕೊಡಬೇಕೆನ್ನಿ. ಕೋಣೆಯ ನೆರವನ್ನು ಬದಿಗಿಟ್ಟರೆ ಅದು ಸುಮಾರು 235 ಘನ ಸೆಂಟಿಮೀಟರ್ ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಬೇಕು. ಆರೂವರೆ ಇಂಚಿನ ಒಂದು ವೂಫರಿನ ಕೆಲಸ ಮಾಡುವ ಮೈ ಅಂದಾಜು 130 ಚದರ ಸೆಂಟಿಮೀಟರ್. ಅಂಥವು ನಾಲ್ಕಿದ್ದರೆ ಪ್ರತಿ ಕೋನ್ ನಡುಸ್ಥಾನದಿಂದ ನಾಲ್ಕೂವರೆ ಮಿಲಿಮೀಟರ್ ಚಲಿಸಿದರೆ ಸಾಕು. ಒಳ್ಳೆಯ ವೂಫರಿಗೆ ಇದು ಕಷ್ಟವಲ್ಲ. ಅದೇ ಸದ್ದು 20 ಹರ್ಟ್ಜ್‌ನಲ್ಲಿ ಬೇಕೆಂದರೆ 18 ಮಿಲಿಮೀಟರ್ ಆಗುತ್ತದೆ. ಆ ಗಾತ್ರದ ವೂಫರ್ ಅಷ್ಟು ದೂರ ಹೋಗಲಾರದು. ಹೋಗಹೊರಟರೆ ಅದರ ಸುರುಳಿ ಅಯಸ್ಕಾಂತದ ಹಿಡಿತದಿಂದಲೇ ಹೊರಬೀಳುತ್ತದೆ. ಈಗ ನಾಲ್ಕರ ಬದಲು ಹನ್ನೆರಡು ವೂಫರ್ ಇಡಿ: ಆರೇ ಮಿಲಿಮೀಟರ್. ಬಿಎಕ್ಸ್‌ಟಿ ಸೇರಿದಾಗ ಆಗುವುದು ಇದೇ. ಮೂರು ಪಟ್ಟು ಗಾಳಿ ಎಂದರೆ ಡೆಸಿಬೆಲ್ ಲೆಕ್ಕದಲ್ಲಿ ಒಂಬತ್ತೂವರೆಯಷ್ಟು ಹೆಚ್ಚುವರಿ ಅವಕಾಶ.

ಮನೆಯಲ್ಲಿ 100 ಡೆಸಿಬೆಲ್ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ನಡುವಿನ ಸ್ವರಗಳಲ್ಲಾದರೆ ಅಷ್ಟು ಸದ್ದು ಕಿವಿಗೆ ಹಿಂಸೆಯೇ. ಆದರೆ ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮ ಕೇಳಿಸಿಕೊಳ್ಳುವುದಿಲ್ಲ. ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆಗಳಾಗಿ ಬರೆದು ತೋರಿಸಿದರು. ಇಂದಿನ ಅಳತೆಗಳ ಪ್ರಕಾರ 20 ಹರ್ಟ್ಜ್‌ನ ಸ್ವರ ಕಿವಿಗೆ ಬೀಳಲು ತೊಡಗುವುದೇ 78 ಡೆಸಿಬೆಲ್ ಹೊತ್ತಿಗೆ. ಅಲ್ಲಿ 90 ಎಂದರೆ ಮೆಲುದನಿ. 100 ಎಂದರೆ ಇದೆ ಎಂದು ಮೈಗೆ ತಿಳಿಯುವಷ್ಟು.

ಪೆಟ್ಟಿಗೆಯ ಗಾತ್ರಕ್ಕೂ ಆಳದ ಬೇಸಿಗೂ ಇರುವ ನಂಟು ಸ್ಪೀಕರ್ ಕಟ್ಟುವವರಿಗೆ ಏಳು ದಶಕಗಳಿಂದ ಗೊತ್ತು. ಅಮೆರಿಕದಲ್ಲಿ ಎಡ್ಗರ್ ವಿಲ್ಚರ್ 1954ರಲ್ಲಿ ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದ ಆಳದ ಬೇಸ್ ಹೊರಡಿಸಿ ಎಆರ್-1 ಸ್ಪೀಕರ್ ತೋರಿಸಿದಾಗ ಜನ ಬೆರಗಾದರು. ಅದೇ ಬಳಗದಿಂದ ಹೊರಬಂದು ಕೆಎಲ್‌ಎಚ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಆಂಟನ್ ಹಾಫ್‌ಮನ್ ಹೇಳಿದ ನಿಯಮ ಈಗಲೂ ಅವನ ಹೆಸರಿನಲ್ಲೇ ಓಡಾಡುತ್ತದೆ: ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಿದ್ಯುತ್ತಿಗೆ ಹೆಚ್ಚು ಸದ್ದು — ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಕೀ ಥ್ರೀಯಂಥ ಆಕ್ಟಿವ್ ಸ್ಪೀಕರ್‌ಗಳು ಬಿಟ್ಟುಕೊಡುವುದು ಮೂರನೆಯದನ್ನು. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇದೆ, ಸ್ವರಗಳನ್ನು ಹಂಚುವ ಕೆಲಸ ಆಂಪ್ಲಿಫೈಯರಿಗೂ ಮೊದಲೇ ಡಿಜಿಟಲ್ ಚಿಪ್‌ನಲ್ಲಿ ಮುಗಿದಿರುತ್ತದೆ, ಮಂದ್ರಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಸುರಿಯಬಹುದು. ಪುಟ್ಸೈಸ್ ಮೊದಲು ಹೆಸರು ಮಾಡಿದ್ದೇ ಹೆಚ್ಚು ಬಿಸಿಯೇರದ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಿಂದ ಎಂಬುದು ಇಲ್ಲಿ ಮುಖ್ಯ. ಆ ಆಂಪ್ಲಿಫೈಯರ್‌ಗಳಿಲ್ಲದೆ ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಸಾವಿರಾರು ವಾಟ್ ಅಡಗಿಸುವುದು ಸಾಧ್ಯವಿರಲಿಲ್ಲ.

ಕೋನ್ ಹೇಳಿದಂತೆ ಕೇಳುತ್ತಿದೆಯೇ ಎಂದು ಕಾಯುವ ಉಪಾಯವೂ ಉಂಟು. ಹಾಲೆಂಡಿನ ಫಿಲಿಪ್ಸ್ ಕಂಪನಿ 1970ರ ದಶಕದಲ್ಲಿ ವೂಫರಿನ ಮೇಲೆಯೇ ಚಲನೆ ಅಳೆಯುವ ಸಂವೇದಕ ಕೂರಿಸಿ, ತಪ್ಪಿದ್ದನ್ನು ಆಂಪ್ಲಿಫೈಯರ್ ಕ್ಷಣಕ್ಷಣಕ್ಕೂ ತಿದ್ದುವಂತೆ ಮಾಡಿತ್ತು. ಅದೇ ನಾಡಿನ ಗ್ರಿಮ್ ಆಡಿಯೋ ತನ್ನ ಎಲ್‌ಎಸ್‌1 ಸ್ಪೀಕರಿಗೆ ಜೋಡಿಸಲು ಕೊಡುವ ಮಂದ್ರದ ಪೆಟ್ಟಿಗೆಯಲ್ಲಿ ಆ ತಂತ್ರ ಹೊಸ ರೂಪದಲ್ಲಿ ಮರಳಿ ಬಂದಿದೆ. ಹಳೆಯ ಒಳ್ಳೆಯ ವಿಚಾರವೊಂದು ತಕ್ಕ ಕಾಲಕ್ಕಾಗಿ ಕಾದು ಕುಳಿತಿದ್ದುದನ್ನು ಕಂಡರೆ ನನಗೆ ಸಂತೋಷವಾಗುತ್ತದೆ.

ಆದರೆ ವಿದ್ಯುತ್ತಾಗಲಿ ಸಂವೇದಕವಾಗಲಿ ಗಾಳಿಯ ಲೆಕ್ಕವನ್ನು ಬದಲಿಸಲಾರದು. ಕೋನ್ ತನ್ನ ಮಿತಿ ಮುಟ್ಟುವ ಹೊತ್ತಿಗೆ ಚಿಪ್ ಮಧ್ಯೆ ಬಂದು ಮಂದ್ರವನ್ನಷ್ಟೇ ತಗ್ಗಿಸುತ್ತದೆ. ಇಲ್ಲದಿದ್ದರೆ ವೂಫರ್ ಹಾಳಾಗುತ್ತದೆ. ಸಣ್ಣ ಆಕ್ಟಿವ್ ಸ್ಪೀಕರಿನಲ್ಲಿ ಮೆಲ್ಲಗೆ ಕೇಳುವಾಗ ತುಂಬಿಕೊಂಡಿದ್ದ ಬೇಸ್, ವಾದ್ಯವೃಂದವೆಲ್ಲ ಒಟ್ಟಿಗೆ ಏರಿದ ಗಳಿಗೆಯಲ್ಲಿ ತೆಳುವಾಗುವುದು ಇದರಿಂದಲೇ. ಮಂದ್ರದ ಪೆಟ್ಟಿಗೆ ಸೇರಿದ ಮೇಲೆ ಮೊದಲು ಕಿವಿಗೆ ಬೀಳುವ ವ್ಯತ್ಯಾಸ ಆಳಕ್ಕಿಂತ ಹೆಚ್ಚಾಗಿ ನಿರಾಯಾಸ. ಮೇಲಿನ ಸ್ಪೀಕರಿನ ಹೊರೆ ಇಳಿದುದರಿಂದ ನಡುವಿನ ಸ್ವರಗಳೂ ತಿಳಿಯಾಗುತ್ತವೆ.

ಅಷ್ಟು ಕೆಳಗೆ ಸಂಗೀತವಾದರೂ ಏನಿದೆ? ಪಿಯಾನೋದ ಕೊನೆಯ ಮನೆ 27.5 ಹರ್ಟ್ಜ್. ಡಬಲ್ ಬೇಸಿನ ಕೆಳತಂತಿ 41. ದೊಡ್ಡ ಇಗರ್ಜಿಯ ಆರ್ಗನ್ನಿನಲ್ಲಿ 32 ಅಡಿಯ ಕೊಳವೆಯಿದ್ದರೆ 16ರ ಆಸುಪಾಸು. ಸಿನಿಮಾದ ಸ್ಫೋಟಗಳು, ಸಿಂಥಸೈಜರ್‌ಗಳು ಇನ್ನೂ ಧಾರಾಳ. ನಮ್ಮ ಕಛೇರಿ ಸಂಗೀತದ ಮಾತೇ ಬೇರೆ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ ನಿಲ್ಲುವುದು 65–70 ಹರ್ಟ್ಜ್ ಹೊತ್ತಿಗೆ. ಅದಕ್ಕಿಂತ ಕೆಳಗೆ ವೇದಿಕೆಯ ಹಲಗೆಯ ಮೇಲಿನ ಸದ್ದು, ಸಭಾಂಗಣದ ಗುಂಯ್‌ಗುಡುವಿಕೆ ಬಿಟ್ಟರೆ ಹೆಚ್ಚೇನೂ ಸಿಗದು. ಆ ಷಡ್ಜವೂ ಮೊಬೈಲಿನ ಚೂರು ಸ್ಪೀಕರಿನಲ್ಲಿ ಕೇಳಿದಂತೆ ಅನ್ನಿಸುತ್ತದೆ. ಜೊತೆಗೆ ಹುಟ್ಟುವ ಮೇಲಿನ ಹಾರ್ಮಾನಿಕ್ ಸ್ವರಗಳನ್ನು ಹಿಡಿದು ಮಿದುಳು ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾದರೆ ಮೃದಂಗ, ತಂಬೂರಿ ಕೇಳುವವರಿಗೆ ಈ ಪೆಟ್ಟಿಗೆ ದಂಡವೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಏಕೆಂದರೆ ಇಂಥ ಪೆಟ್ಟಿಗೆಗಳ ಇನ್ನೊಂದು ಕೆಲಸ ನಡೆಯುವುದು 60ರಿಂದ 500 ಹರ್ಟ್ಜ್‌ನ ನಡುವೆ, ಗಂಡುದನಿಯೂ ಮೃದಂಗದ ಎಡಮುಖವೂ ಬಾಳುವ ಸೀಮೆಯಲ್ಲಿ. ಪ್ರಚಾರದಲ್ಲಿ ಆಳದ ಬೇಸಿಗೆ ಸಿಗುವ ಗಮನ ಈ ಕೆಲಸಕ್ಕೆ ಸಿಗುವುದಿಲ್ಲ.

100 ಹರ್ಟ್ಜ್‌ನ ಅಲೆಯ ಉದ್ದ ಮೂರೂವರೆ ಮೀಟರ್‌ಗೆ ಹತ್ತಿರ. ಅಂಗೈ ಅಗಲದ ಸ್ಪೀಕರ್ ಅದನ್ನು ಮುಂದಕ್ಕೆ ಮಾತ್ರ ಕಳಿಸಲಾರದು. ಅದು ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹರಿಯುತ್ತದೆ, ಗೋಡೆಗೆ ಬಡಿದು ಮರಳುತ್ತದೆ. ಸ್ಪೀಕರ್ ಗೋಡೆಯಿಂದ 70 ಸೆಂಟಿಮೀಟರ್ ದೂರದಲ್ಲಿದ್ದರೆ, ಮರಳಿದ ಅಲೆ 120 ಹರ್ಟ್ಜ್ ಸುತ್ತಮುತ್ತ ಸರಿಯಾಗಿ ಎದುರು ಹಂತದಲ್ಲಿ ಬಂದು ನೇರದ ಸದ್ದನ್ನು ತಿಂದುಹಾಕುತ್ತದೆ. ಗಾಯಕನ ದನಿಯ ತಳ ಅಲ್ಲಿ ಖಾಲಿಯಾಗುತ್ತದೆ. ಈ ಹಳ್ಳವನ್ನು ಈಕ್ವಲೈಜರಿನಿಂದ ತುಂಬಲು ಹೋದರೆ ನೇರದ ಸದ್ದಿನ ಜೊತೆ ಮರಳುವ ಸದ್ದೂ ಅಷ್ಟೇ ಏರುತ್ತದೆ, ಹಳ್ಳ ಹಾಗೇ ಉಳಿಯುತ್ತದೆ.

ಕೀ ಥ್ರೀಯಲ್ಲಿ ಪಕ್ಕದ, ಹಿಂದಿನ ವೂಫರ್‌ಗಳಿರುವುದು ಇದರ ಮದ್ದಾಗಿ. ಹಿಂದಕ್ಕೆ ಹರಿಯುವ ಅಲೆಗೆ ತಕ್ಕಷ್ಟು ತಡವಾಗಿ ಪ್ರತಿ-ಅಲೆ ಹೊರಡಿಸಿ ಅವು ಅದನ್ನು ಅಳಿಸುತ್ತವೆ. ಹೃದಯದಾಕಾರದ ಈ ಹರಡುವಿಕೆಗೆ ಕಾರ್ಡಿಯಾಯ್ಡ್ ಎಂದು ಹೆಸರು. ಎದುರಿಗೆ ಕುಳಿತವರಿಗೆ ಅಷ್ಟೇ ಸದ್ದು ತಲುಪಿಸಿ, ಕೋಣೆಗೆ ಸುರಿಯುವ ಒಟ್ಟು ಶಕ್ತಿಯನ್ನು ಅದು ಮೂರನೇ ಒಂದಕ್ಕೆ ಇಳಿಸಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಗಾಳಿಯೇ. ಮುಂದಿನದನ್ನು ಹಿಂದಿನದು ಅಳಿಸುವಾಗ ಮಂದ್ರದ ಕಡೆಗೆ ಮುಂದಿನ ಸದ್ದೂ ಸವೆಯುತ್ತ ಹೋಗುತ್ತದೆ, ಅದನ್ನು ಸರಿದೂಗಿಸಲು ಕೋನ್‌ಗಳು ಮತ್ತಷ್ಟು ಚಲಿಸಬೇಕು. ಕೋನ್‌ಗಳ ಸಂಖ್ಯೆ ಹೆಚ್ಚಿದರೆ ಈ ಉಪಾಯವನ್ನು ನಿಶ್ಚಿಂತೆಯಿಂದ ಬಳಸಬಹುದು. ನೆಲದಿಂದ ಎದೆಮಟ್ಟದವರೆಗೆ ಸಾಲಾಗಿ ನಿಂತ ವೂಫರ್‌ಗಳು ನೆಲಕ್ಕೂ ಸೂರಿಗೂ ಹರಡುವ ಸದ್ದನ್ನೂ ಒಂದಿಷ್ಟು ಹಿಡಿದಿಡುತ್ತವೆ.

ಫಿನ್ಲೆಂಡಿನ ಈಸಲ್ಮಿ ಎಂಬ ಊರಿನಲ್ಲಿ 1978ರಿಂದ ಸ್ಟುಡಿಯೋ ಸ್ಪೀಕರ್ ಮಾಡುತ್ತಿರುವ ಜೆನೆಲೆಕ್ ಕಂಪನಿ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿದಿದೆ. ಅದರ ಡಬ್ಲ್ಯು371ಎ ಎಂಬ ನೆಲದ ಮೇಲೆ ನಿಲ್ಲುವ ಪೆಟ್ಟಿಗೆಯಲ್ಲಿ ಮುಂದೊಂದು, ಹಿಂದೊಂದು ದೊಡ್ಡ ವೂಫರ್. ಅದರ ಮೇಲೆ 8341, 8351 ಅಥವಾ 8361 ಮಾದರಿಯ ಸ್ಪೀಕರನ್ನು ಕೂರಿಸುತ್ತಾರೆ. ಕೇಳುವವರು ಕೂರುವ ಜಾಗದಲ್ಲಿ ಮೈಕ್ ಇಟ್ಟು ಅಳೆದ ಬಳಿಕ, ಎರಡು ವೂಫರ್‌ಗಳು ಯಾವ ಆವೃತ್ತಿಯಲ್ಲಿ ಹೇಗೆ ಕೂಡಿ ನುಡಿಯಬೇಕೆಂಬುದನ್ನು ಆ ಕೋಣೆಗೆ ತಕ್ಕಂತೆ ನಿಶ್ಚಯಿಸಬಹುದು. ಈ ಪೆಟ್ಟಿಗೆ 500 ಹರ್ಟ್ಜ್‌ವರೆಗೂ ಕೆಲಸ ಮಾಡುತ್ತದೆ. ಆಳದ ಬೇಸಿಗೆಂದೇ ಬೇರೆಯಾಗಿ ಇಡುವ ಮಾಮೂಲಿ ಸಬ್‌ವೂಫರ್ 80 ಹರ್ಟ್ಜ್ ಹೊತ್ತಿಗೇ ಕೈಚೆಲ್ಲುವುದರಿಂದ ಮೇಲೆ ಹೇಳಿದ 120 ಹರ್ಟ್ಜ್‌ನ ಹಳ್ಳ ಅದರ ವ್ಯಾಪ್ತಿಗೇ ಬರುವುದಿಲ್ಲ.

ಸಬ್‌ವೂಫರಿಗೆ ಇನ್ನೊಂದು ತೊಡಕಿದೆ, ಅದು ಸಮಯದ್ದು. ಮುಖ್ಯ ಸ್ಪೀಕರಿಗಿಂತ ಅದು ಒಂದೂವರೆ ಮೀಟರ್ ಹಿಂದಿದ್ದರೆ ಅದರ ಸದ್ದು ನಾಲ್ಕು ಮಿಲಿಸೆಕೆಂಡಿಗೂ ಮಿಕ್ಕಿ ತಡವಾಗುತ್ತದೆ. ಎರಡೂ ಕೈ ಬದಲಿಸುವ 80 ಹರ್ಟ್ಜ್‌ನಲ್ಲಿ ಅದು ಆವರ್ತದ ಮೂರನೇ ಒಂದು ಭಾಗ. ಒಂದನ್ನೊಂದು ಬಲಪಡಿಸಬೇಕಾದವು ಒಂದನ್ನೊಂದು ಕುಂದಿಸತೊಡಗುತ್ತವೆ. ಸ್ಪೀಕರಿನ ಅಡಿಯಲ್ಲೇ ನಿಲ್ಲುವ, ಅದೇ ಚಿಪ್‌ನ ಆಜ್ಞೆ ಕೇಳುವ ಪೆಟ್ಟಿಗೆಗೆ ಈ ತಾಪತ್ರಯ ಇಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ನಮ್ಮ ಮನೆಗಳ ವಿಷಯ ಬಂದಾಗ ನಾನು ಎಚ್ಚರಿಕೆಯ ಮಾತೇ ಆಡಬೇಕು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತು–ಹನ್ನೆರಡು ಅಡಿಯ ಕೋಣೆ, ಹತ್ತಡಿ ಎತ್ತರದ ಆರ್‌ಸಿಸಿ ಸೂರು ತೀರಾ ಸಾಮಾನ್ಯ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಆವೃತ್ತಿಯಲ್ಲಿ ಕೋಣೆ ತಾನೇ ಮೊಳಗುತ್ತದೆ. ಹನ್ನೆರಡು ಅಡಿಗೆ ಅದು 47 ಹರ್ಟ್ಜ್, ಹತ್ತಡಿಗೆ 56. ಅಗಲವೂ ಎತ್ತರವೂ ಹತ್ತೇ ಅಡಿ ಆದುದರಿಂದ 56ರಲ್ಲಿ ಎರಡು ಮೊಳಗು ಒಂದರ ಮೇಲೊಂದು ಬೀಳುತ್ತವೆ. ಅಮೆರಿಕದ ಮರದ ಚೌಕಟ್ಟು, ಜಿಪ್ಸಂ ಹಲಗೆಯ ಗೋಡೆಗಳು ತಾವೇ ಅಲುಗಿ ಬೇಸನ್ನು ಒಂದಿಷ್ಟು ಕುಡಿದುಬಿಡುತ್ತವೆ. ನಮ್ಮ ಇಟ್ಟಿಗೆ, ಕಾಂಕ್ರೀಟು, ಗ್ರಾನೈಟು ಅದನ್ನು ಹಾಗೇ ಹಿಂದಕ್ಕೆ ಕೊಡುತ್ತವೆ. ಅಂಥ ಕೋಣೆಯಲ್ಲಿ 47ಕ್ಕಿಂತ ಕೆಳಗೆ ಗಾಳಿ ಇಡಿಯಾಗಿ ಒತ್ತಿಕೊಂಡು, ಬಾಗಿಲು ಕಿಟಕಿ ಮುಚ್ಚಿದ್ದರೆ, ಬೇಸ್ ತಾನಾಗಿಯೇ ಏರುತ್ತದೆ. ಸಣ್ಣ ಸ್ಪೀಕರೇ ಸಾಕಾಗಿಬಿಡುವುದುಂಟು.

ಕೋಣೆಯ ಮೊಳಗನ್ನು ಸಮಗೊಳಿಸುವುದರಲ್ಲಿ ಬಿಡಿ ಸಬ್‌ವೂಫರ್‌ಗಳೇ ಮೇಲು ಎಂಬುದನ್ನೂ ಒಪ್ಪಬೇಕು. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಸಬ್‌ವೂಫರ್‌ಗಳ ಸಂಖ್ಯೆ, ಜಾಗಗಳನ್ನು ಬದಲಿಸುತ್ತ ಲೆಕ್ಕಹಾಕಿ, ಎದುರುಬದುರು ಗೋಡೆಗಳ ನಟ್ಟನಡುವೆ ಇಟ್ಟ ಎರಡು, ನಾಲ್ಕರಷ್ಟೇ ಹತ್ತಿರಹತ್ತಿರ ಕೆಲಸ ಮಾಡುತ್ತವೆ ಎಂದು ತೋರಿಸಿದ. ಎಲ್ಲ ಆಸನಗಳಲ್ಲೂ ಒಂದೇ ಬಗೆಯ ಬೇಸ್ ಬೇಕಾದವರಿಗೆ ಅದೇ ದಾರಿ. ಸ್ಪೀಕರಿನ ಅಡಿಗೆ ಕಟ್ಟಿಹಾಕಿದ ಮಂದ್ರದ ಪೆಟ್ಟಿಗೆಗೆ ಹಾಗೆ ಜಾಗ ಬದಲಿಸುವ ಸ್ವಾತಂತ್ರ್ಯವಿಲ್ಲ. ಹದಿನೆಂಟು–ಇಪ್ಪತ್ತು ಅಡಿಯ ಹಜಾರ, ಸ್ಪೀಕರಿನಿಂದ ಮೂರು ನಾಲ್ಕು ಮೀಟರ್ ದೂರ ಕೂರುವ ಅಭ್ಯಾಸ, ಪಾಶ್ಚಾತ್ಯ ವಾದ್ಯವೃಂದದ ಒಲವು ಇವು ಮೂರೂ ಕೂಡಿದಲ್ಲಿ ಇದರ ನಿಜವಾದ ಬೆಲೆ ಸಿಗುತ್ತದೆ.

ಕೊಳ್ಳುವ ಮುನ್ನ ಕೋಣೆಯನ್ನು ಪರೀಕ್ಷಿಸಲು ಹೆಚ್ಚಿನ ಖರ್ಚಿಲ್ಲ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಿಂದ ಈಗಿರುವ ಸ್ಪೀಕರಿಗೆ 47, 56 ಹರ್ಟ್ಜ್‌ಗಳ ಸ್ವರವನ್ನು ಮೆಲ್ಲಗೆ ಕೊಟ್ಟು ಕೋಣೆಯಲ್ಲಿ ಓಡಾಡಿ. ಗೋಡೆಯ ಪಕ್ಕ ಗುಡುಗುವ ಸ್ವರ ನಡುಕೋಣೆಯಲ್ಲಿ ಮಾಯವಾಗುವುದು ನಿಮಗೇ ತಿಳಿಯುತ್ತದೆ. ಅಳತೆಯ ಮೈಕ್ ಒಂದಿದ್ದರೆ ರೂಮ್ ಇಕ್ಯೂ ವಿಜರ್ಡ್ ಎಂಬ ಉಚಿತ ತಂತ್ರಾಂಶ ಅದನ್ನೇ ಚಿತ್ರವಾಗಿ ಬರೆದು ತೋರಿಸುತ್ತದೆ. ಆಸನವನ್ನು ಎರಡಡಿ ಸರಿಸಿದರೆ ಅರ್ಧ ದೂರು ತೀರುವುದೂ ಉಂಟು.

ಅಪಾರ್ಟ್‌ಮೆಂಟಿನಲ್ಲಿರುವವರು ನೆರೆಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಬ್ಬರ್ ಪಾದ ಹಾಕಿದರೆ ಪೆಟ್ಟಿಗೆಯಿಂದ ನೆಲಕ್ಕಿಳಿಯುವ ಅದುರು ಒಂದಿಷ್ಟು ತಗ್ಗಬಹುದು, ಗಾಳಿಯಲ್ಲಿ ಹೋಗುವ ಬೇಸ್ ನಿಲ್ಲುವುದಿಲ್ಲ. ಗೋಡೆಯೂ ಸ್ಲ್ಯಾಬೂ ಮಾತಿನ ಸದ್ದನ್ನು ತಡೆದಷ್ಟು ಸಲೀಸಾಗಿ 30 ಹರ್ಟ್ಜನ್ನು ತಡೆಯಲಾರವು. ಕಾರ್ಡಿಯಾಯ್ಡ್ ಉಪಾಯ ಹಿಂದಿನ ಗೋಡೆಯಾಚೆಯ ಮನೆಗೆ ಸ್ವಲ್ಪ ನೆಮ್ಮದಿ ಕೊಟ್ಟರೂ ತೀರಾ ಕೆಳಗಿನ ಸ್ವರಗಳಲ್ಲಿ ಅದರ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ರಾತ್ರಿ ಹೊತ್ತು 40 ಹರ್ಟ್ಜ್‌ಗಿಂತ ಕೆಳಗಿನದನ್ನು ತಗ್ಗಿಸುವ ಒಂದು ಸೆಟ್ಟಿಂಗನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.